ಗಂಟೆಗೆ ನಲವತ್ತೊಂದು ಕಿಲೋಮೀಟರ್

ಐವತ್ತಾರನೇ ವಯಸ್ಸಿನಲ್ಲಿ ಕೂಟಗಲ್ಲಿನ ಮರಿಯಪ್ಪ ಒಂದು ಭೀಷ್ಮ ಪ್ರತಿಜ್ಞೆ ಮಾಡಿದ. ಸೈಕಲ್ಲನ್ನು ಗಂಟೆಗೆ ಮೂವತ್ತೈದು ಕಿಲೋಮೀಟರ್ ವೇಗದಲ್ಲಿ ಓಡಿಸಿ ತೋರಿಸುತ್ತೇನೆ, ಆಗಲಿಲ್ಲವೋ ಆ ಸೈಕಲ್ಲನ್ನೇ ಬಿಟ್ಟುಕೊಡುತ್ತೇನೆ ಅಂತ! ಭೀಷ್ಮನ ವಿಷಯ ಬೇರೆ. ಮದುವೆಯೇ ಆಗುವುದಿಲ್ಲ ಅಂದುಬಿಟ್ಟಿದ್ದರಿಂದ ಅವನಿಗೆ ಮಾತು ಉಳಿಸಿಕೊಳ್ಳುವುದು ಸಲೀಸಾಯಿತು. ಮರಿಯಪ್ಪನಿಗೆ ಸರಸಮ್ಮನ ಜೊತೆ ಮದುವೆಯಾಗಿ ಮೂವತ್ತು ವರ್ಷವಾಗಿತ್ತು.

ಸೈಕಲ್ಲು ಬಂದದ್ದು ಸಕ್ಕರೆ ಕಾಯಿಲೆಯ ದೆಸೆಯಿಂದ. ದಿನಾ ಒಂದು ಗಂಟೆ ನಡೆಯಿರಿ ಅಂದರು ಡಾಕ್ಟರು. ಮರಿಯಪ್ಪ ಮೂರು ದಿನ ನಡೆದ. ಊರಲ್ಲಿ ಸುಮ್ಮನೆ ನಡೆಯುವವನನ್ನು ಯಾರಾದರೂ ಸುಮ್ಮನೆ ಬಿಡುತ್ತಾರೆಯೇ? ಎದುರಿಗೆ ಸಿಕ್ಕವರೆಲ್ಲ ಎಲ್ಲಿಗೆ ಹೊರಟೆ ಅಂತ ಕೇಳಿದರು, ಇಬ್ಬರು ಬೈಕ್ ನಿಲ್ಲಿಸಿ ಬಲವಂತವಾಗಿ ಹತ್ತಿಸಿಕೊಂಡು ಮನೆಗೆ ಬಿಟ್ಟು ಹೋದರು. ಕೊನೆಗೆ ರಾಮನಗರದ ಬ್ಯಾಂಕಿನಲ್ಲಿ ಕೆಲಸದಲ್ಲಿರುವ ಮಗಳು ದಿವ್ಯ, ಅಪ್ಪನ ಹುಟ್ಟುಹಬ್ಬಕ್ಕೆ ಅಂತ ಇಪ್ಪತ್ತೊಂದು ಗೇರಿನ ಸೈಕಲ್ ತಂದು ನಿಲ್ಲಿಸಿದಳು. ಇಪ್ಪತ್ತೊಂದರಲ್ಲಿ ಮರಿಯಪ್ಪನಿಗೆ ಗೊತ್ತಿದ್ದದ್ದು ಎರಡೇ ಗೇರು. ಒಂದರಲ್ಲಿ ಕಾಲು ನೋಯುತ್ತಿತ್ತು, ಇನ್ನೊಂದರಲ್ಲಿ ಸೈಕಲ್ಲು ಮುಂದಕ್ಕೆ ಹೋಗುತ್ತಿರಲಿಲ್ಲ.

ಇಷ್ಟಕ್ಕೇ ನಿಂತಿದ್ದರೆ ಚೆನ್ನಾಗಿತ್ತು. ಆದರೆ ಮಾಗಡಿಯಲ್ಲಿ ಸರಸಮ್ಮನ ತಮ್ಮ ಲೋಕೇಶ್ ಇದ್ದನಲ್ಲ! ಇನ್ಶೂರೆನ್ಸ್ ಏಜೆಂಟು, ವಯಸ್ಸು ಐವತ್ತೊಂದು, ಮನುಷ್ಯರಿಗೆ ಯಾವತ್ತು ಏನು ಕೆಡುತ್ತದೆ ಅಂತ ಲೆಕ್ಕ ಹಾಕುವುದೇ ಕಸುಬು. ಅವನು ‘ಅರ್ಧಶತಕ ಸೈಕಲ್ ಬಳಗ’ ಅಂತ ಒಂದು ಕಟ್ಟಿದ್ದ. ಐವತ್ತು ದಾಟಿದವರಿಗೆ ಮಾತ್ರ ಪ್ರವೇಶ. ಒಟ್ಟು ಏಳು ಜನ, ಹದಿನಾಲ್ಕು ಮಂಡಿ. ಅದರಲ್ಲಿ ಸರಿಯಾಗಿ ಮಡಚುತ್ತಿದ್ದದ್ದು ಐದು. ಭಾವನನ್ನೂ ಅದಕ್ಕೆ ಸೇರಿಸಿಕೊಂಡ.

ಬಳಗ ಸೇರಿದ ಮೊದಲ ಭಾನುವಾರವೇ ಮರಿಯಪ್ಪನ ಬದುಕು ಬದಲಾಯಿತು. ಅಲ್ಲಿ ಎಲ್ಲರೂ ಅವನನ್ನು ‘ಮರಿಯಪ್ಪ ಸಾರ್’ ಅಂದರು! ಊರಲ್ಲಿ ಅವನು ‘ಸರಸಮ್ಮನ ಯಜಮಾನ್ರು’. ರೇಷ್ಮೆ ಹುಳು ಸಾಕುವುದರಲ್ಲಿ ಸರಸಮ್ಮನ ಕೈಗುಣ ದೊಡ್ಡದು, ಸುತ್ತಲಿನ ಹಳ್ಳಿಯವರು ಬಂದು ಅವಳನ್ನೇ ಕೇಳುತ್ತಿದ್ದರು, ಬಾಗಿಲು ತೆಗೆದ ಮರಿಯಪ್ಪನನ್ನು ‘ಅಮ್ಮಾವ್ರು ಇಲ್ವಾ’ ಅಂದು ದಾಟಿ ಒಳಗೆ ಹೋಗುತ್ತಿದ್ದರು. ಹಾಗಾಗಿ ಸೈಕಲ್ಲೆಂದರೆ ಅವನಿಗೆ ಬರೀ ಸೈಕಲ್ಲಲ್ಲ. ಅದು ಹೋದರೆ ‘ಸಾರ್’ ಕೂಡ ಹೋಗುತ್ತದೆ ಅಂತ ಅವನಿಗೆ ಚೆನ್ನಾಗಿ ಗೊತ್ತಿತ್ತು.

ಗೊತ್ತಿದ್ದೂ ಪಣಕ್ಕಿಟ್ಟ. ತಪ್ಪು ಲೋಕೇಶನದು ಅಂತ ಇಟ್ಟುಕೊಳ್ಳೋಣ, ಮರಿಯಪ್ಪನಂತೂ ಹಾಗೇ ಇಟ್ಟುಕೊಂಡಿದ್ದ. ಆ ಪುಣ್ಯಾತ್ಮ ಎಲ್ಲಿಂದಲೋ ಒಂದು ವಿಡಿಯೋ ತಂದು ಬಳಗದ ವಾಟ್ಸಾಪಿಗೆ ಹಾಕಿದ. ವಯಸ್ಸಾದ ಮೇಲೆ ದೂರ ಹೋಗುವ ಶಕ್ತಿ ಇರುತ್ತದಂತೆ, ಆದರೆ ಜೀವ ಬಿಟ್ಟು ಒಂದೇ ಉಸಿರಿಗೆ ತುಳಿಯುವ ವೇಗವೇ ಮೊದಲು ಕೈಕೊಡುವುದಂತೆ. ಐವತ್ತು ದಾಟಿದ ಹವ್ಯಾಸಿ ಮೂವತ್ತೈದು ಮುಟ್ಟಿದರೆ ಅವನು ಹುಲಿಯಂತೆ. ಅದರ ಕೆಳಗೆ ಲೋಕೇಶ್, ನಮ್ಮ ಭಾವನ ಸ್ಪೀಡಿಗೆ ಅವರ ಮನೆ ರೇಷ್ಮೆ ಹುಳಾನೇ ಓವರ್‌ಟೇಕ್ ಮಾಡ್ತವೆ ಅಂತ ಬರೆದ. ಹೆಬ್ಬೆರಳಲ್ಲಿ ಒತ್ತಿ ಒತ್ತಿ ಮರಿಯಪ್ಪ ಉತ್ತರ ಕೊಟ್ಟ. ಆ ಉತ್ತರವೇ ಪ್ರತಿಜ್ಞೆ! ಸೋತರೆ ಸೈಕಲ್ಲು ಯಾರಿಗೆ ಅಂತ ಒಬ್ಬರು ಕೇಳಿದರು. ಲೋಕೇಶ್ ಬಹಳ ಸಂಕೋಚದಿಂದ, ನನಗೇ ಇರಲಿ ಬಿಡಿ ಅಂದ. ಮೂರು ವಾರ ಬಿಟ್ಟು ಭಾನುವಾರ ಬೆಳಿಗ್ಗೆ, ಕೂಟಗಲ್ಲಿನ ಆಚೆಯ ನೇರ ರಸ್ತೆಯಲ್ಲಿ, ಅರ್ಧ ಕಿಲೋಮೀಟರು ಅಂತ ಪಂದ್ಯ ನಿಗದಿಯಾಯಿತು.

ಅಭ್ಯಾಸ ಶುರುವಾಯಿತು. ಮೊದಲ ದಿನ, ವೇಗ ನೋಡಲು ಸೈಕಲ್ಲಿಗೆ ಕಟ್ಟಿಕೊಂಡ ಫೋನು ಇಪ್ಪತ್ತೊಂದು ತೋರಿಸಿತು. ಎದುರುಗಾಳಿ ಅಂದುಕೊಂಡ. ಎರಡನೇ ದಿನ ಉಲ್ಟಾ ದಿಕ್ಕಿನಲ್ಲಿ ಹೋದ, ಹತ್ತೊಂಬತ್ತು ಬಂತು. ಗಾಳಿಯೂ ತಿರುಗಿಕೊಂಡಿದೆ, ಏನು ಕಾಲ ಬಂತಪ್ಪ ಅಂತ ನೊಂದುಕೊಂಡ. ಮೂರನೇ ದಿನ ಟೈರು, ನಾಲ್ಕನೇ ದಿನ ಅಡ್ಡ ಬಂದ ಎಮ್ಮೆ. ಐದನೇ ದಿನ ಹಾಸಿಗೆಯಿಂದ ಏಳುವುದಕ್ಕೇ ಆಗಲಿಲ್ಲ. ಮೀನಖಂಡ ಎರಡೂ ಕಲ್ಲಾಗಿದ್ದವು.

ಆಗ ಸಹಾಯಕ್ಕೆ ಬಂದವನು ಬಳಗದ ಉಜೈರ್. ರಾಮನಗರದಲ್ಲಿ ರೇಷ್ಮೆ ನೂಲು ತೆಗೆಯುವ ಘಟಕ ಇಟ್ಟುಕೊಂಡವನು, ಮೃದು ಸ್ವಭಾವದ ಮನುಷ್ಯ. ಒಂದು ಶೀಶೆ ನೀಲಗಿರಿ ಎಣ್ಣೆ ಕೊಟ್ಟು, ಹಚ್ಕೊಳಿ ಮರಿಯಪ್ಪ ಸಾರ್, ಹಗುರಾಗುತ್ತೆ ಅಂದ. ಮರಿಯಪ್ಪ ಮಂಡಿಯಿಂದ ಕೆಳಗೆ ಧಾರಾಳವಾಗಿ ಉಜ್ಜಿಕೊಂಡು, ಎಂದಿನಂತೆ ಸೊಪ್ಪಿನ ಹೊರೆ ಎತ್ತಿಕೊಂಡು ಸೀದಾ ಹುಳುಮನೆಗೆ ನುಗ್ಗಿದ.

ಹುಳುಮನೆ ಅಂದರೇನು ಅಂತ ಗೊತ್ತಿಲ್ಲದವರಿಗೆ ಒಂದು ಮಾತು. ರೇಷ್ಮೆ ಹುಳುವಿನಷ್ಟು ನಾಜೂಕಿನ ಅಳಿಯ ಯಾವ ಮನೆಯಲ್ಲೂ ಇರಲಾರ. ಊದುಬತ್ತಿ ಆಗದು, ಬೀಡಿ ಆಗದು, ಸೆಂಟು ಹಾಕಿದವರು ಹೊಸ್ತಿಲು ದಾಟುವ ಹಾಗಿಲ್ಲ, ಸರಸಮ್ಮ ಒಗ್ಗರಣೆ ಹಾಕುವಾಗ ಕೂಡ ಆ ಕಡೆಯ ಕಿಟಕಿ ಮುಚ್ಚುತ್ತಿದ್ದಳು. ಅಂಥ ದೇವಸ್ಥಾನದೊಳಗೆ ನಮ್ಮ ನೀಲಗಿರಿ ಬೆಟ್ಟ ನಡೆದು ಬಂತು. ಹುಳಗಳು ಸೊಪ್ಪು ತಿನ್ನುವುದನ್ನು ಬಿಟ್ಟು ತಲೆ ಎತ್ತಿಕೊಂಡು ನಿಂತವು. ಸರಸಮ್ಮನೂ ತಲೆ ಎತ್ತಿದಳು.

“ಹೊರಿಕ್ ನಡೀರಿ,” ಅಂದಳು. “ಕಾಲಲ್ಲಿ ಆ ಗಬ್ಬು ಇರೋಗಂಟ ಈ ಬಾಗ್ಲಿಗೆ ಬರ್‌ಬ್ಯಾಡಿ.”

ಮರಿಯಪ್ಪ ಅವಮಾನವಾದವನಂತೆ ಹೊರಗೆ ಬಂದ. ಜಗಲಿಯ ಮೇಲೆ ಕೂತ. ಐದು ನಿಮಿಷ ಕಳೆಯಿತು, ಯಾರೂ ಕರೆಯಲಿಲ್ಲ. ಸೊಪ್ಪು ಕೊಯ್ಯಿ ಅನ್ನಲಿಲ್ಲ, ಕಸ ತೆಗಿ ಅನ್ನಲಿಲ್ಲ. ಮೂವತ್ತು ವರ್ಷದಲ್ಲಿ ಮೊದಲ ಸಲ ಬೆಳಗಿನ ಕಾಫಿ ಬಿಸಿಯಾಗಿರುವಾಗಲೇ ಕುಡಿದು ಮುಗಿಸಿದ. ಅಯ್ಯೋ, ಇಷ್ಟು ವರ್ಷ ಈ ಎಣ್ಣೆ ಎಲ್ಲಿತ್ತು ಅಂತ ಅನ್ನಿಸಿತು!

ಅಲ್ಲಿಂದ ಮುಂದೆ ಕೋಳಿ ಕೂಗುವುದು ತಡ, ಮರಿಯಪ್ಪನ ಕಾಲಿಗೆ ಎಣ್ಣೆ ಬೀಳುತ್ತಿತ್ತು. ನೋವು ವಾಸಿಯಾಗಿ ವಾರವಾಗಿದ್ದರೂ ಉಪಚಾರ ನಿಲ್ಲಲಿಲ್ಲ. ಹುಳುಮನೆಯ ಕೆಲಸವೆಲ್ಲ ಸರಸಮ್ಮನ ಮೇಲೂ, ಅವರ ಜೊತೆಯೇ ಇದ್ದ ಮರಿಯಪ್ಪನ ಅಕ್ಕ ಮಾರಕ್ಕನ ಮೇಲೂ ಬಿತ್ತು. ಮಾರಕ್ಕನಿಗೆ ಮಂಡಿ ನೋವು, ಪಾಪ ಅವಳು ಗೊಣಗಿಕೊಂಡೇ ಗೇಯುತ್ತಿದ್ದಳು. ಮರಿಯಪ್ಪ ಜಗಲಿಯಿಂದಲೇ ಇಬ್ಬರಿಗೂ ಧೈರ್ಯ ಹೇಳುತ್ತಿದ್ದ. ವೇಗ ಮಾತ್ರ ಇಪ್ಪತ್ನಾಲ್ಕು ದಾಟಲಿಲ್ಲ.

ಪಂದ್ಯದ ಹಿಂದಿನ ದಿನ, ಶನಿವಾರ ಸಂಜೆ, ಹುಳ ಹಣ್ಣಾಗುವ ಸೂಚನೆ ಕಂಡಿತು. ಹಣ್ಣಾದ ಹುಳ ಯಾರಿಗೂ ಕಾಯುವುದಿಲ್ಲ. ಮೈ ಹಳದಿಗೆ ತಿರುಗಿ ತಲೆ ಆಡಿಸಲು ಶುರುಮಾಡಿತೆಂದರೆ ಒಂದೊಂದನ್ನೂ ಕೈಯಲ್ಲೇ ಆಯ್ದು, ಗೂಡು ಕಟ್ಟುವುದಕ್ಕೆ ಬಿದಿರಿನ ಚಂದ್ರಿಕೆಯ ಮೇಲೆ ಬಿಡಬೇಕು. ತಡವಾದರೆ ಒಂದು ತಿಂಗಳ ದುಡಿಮೆ ಹುಳ ಸಾಕುವ ತಟ್ಟೆಯಲ್ಲೇ ದಾರವಾಗಿ ಹೋಗುತ್ತದೆ. ಅಂಥ ದಿನ ಊರಲ್ಲಿ ನೆಂಟರು, ನೆರೆಯವರು, ಮುನಿಸಿಕೊಂಡವರು ಕೂಡ ಬಂದು ಕೈ ಹಾಕುತ್ತಾರೆ. ನಾಳೆ ಬೆಳಿಗ್ಗೆ ಎಲ್ಲೂ ಹೋಗಬೇಡಿ ಅಂತ ಸರಸಮ್ಮ ಹೇಳಿದಳು. ಮರಿಯಪ್ಪ ದೊಡ್ಡದೊಂದು ನಿಟ್ಟುಸಿರು ಬಿಟ್ಟು, ಬರಬೇಕು ಅಂತ ಆಸೆಯೇನೋ ಬೆಟ್ಟದಷ್ಟಿದೆ, ಆದರೆ ಕಾಲಿಗೆ ಎಣ್ಣೆ ಹಚ್ಚದಿದ್ದರೆ ನರ ಹಿಡಿದುಕೊಳ್ಳುತ್ತದೆ, ನಿನ್ನ ಹುಳಕ್ಕೆ ನನ್ನಿಂದ ತೊಂದರೆಯಾಗಬಾರದಲ್ಲ ಅಂದ.

ಸರಸಮ್ಮ ಅವನ ಮುಖವನ್ನೇ ಒಂದು ಗಳಿಗೆ ನೋಡಿ, “ಸರಿ,” ಅಂದಳು.

ಅಷ್ಟೇ. ಬುದ್ಧಿ ಇದ್ದವನಾಗಿದ್ದರೆ ಆಗಲೇ ನಡುಗಬೇಕಿತ್ತು. ಮೂವತ್ತು ವರ್ಷದಲ್ಲಿ ಅವಳು ಯಾವ ಮಾತನ್ನೂ ಒಂದೇ ‘ಸರಿ’ಯಲ್ಲಿ ಮುಗಿಸಿದವಳಲ್ಲ. ಮರಿಯಪ್ಪನೋ ಗೆದ್ದೆ ಅಂದುಕೊಂಡು ಮುದ್ದೆ ಇನ್ನೊಂದು ಹಾಕಿಸಿಕೊಂಡ.

ಭಾನುವಾರ ಬೆಳಿಗ್ಗೆ ಎದ್ದವನೇ ಶೀಶೆ ಹಿಡಿದ. ಇವತ್ತು ಕಂಜೂಸಿತನ ಬೇಡ ಅಂತ ಪಾದದಿಂದ ತೊಡೆಯ ಸಂದಿಯವರೆಗೂ, ಅದರ ಹಿಂಭಾಗದವರೆಗೂ ಬಳಿದ. ವಾಸನೆ ಯಾಕೋ ಒಸಿ ಬೇರೆ ಥರ ಇತ್ತು, ಶೀಶೆ ತಳಕ್ಕೆ ಬಂದಾಗ ಸತ್ವ ಹೆಚ್ಚಾಗುತ್ತದೇನೋ ಅಂದುಕೊಂಡ. ಅದರ ಮೇಲೆ ಪಂದ್ಯಕ್ಕೆಂದೇ ತರಿಸಿದ ಹೊಸ ಚಡ್ಡಿ ತೊಟ್ಟ. ಕೂತಾಗ ನೋಯದಿರಲಿ ಅಂತ ಹಿಂದುಗಡೆ ದಪ್ಪ ಸ್ಪಂಜಿನ ಮೆತ್ತೆ ಹೊಲಿದ ಚಡ್ಡಿ ಅದು, ಮೈಗೆ ಅಂಟಿಕೊಂಡು ಕೂರುತ್ತಿತ್ತು. ಊರವರ ಕಣ್ಣಿಗೆ ಬೀಳಬಾರದೆಂದು ಮೇಲೊಂದು ಟವಲು ಸುತ್ತಿಕೊಂಡು ಊರಾಚೆಗೆ ಬಂದ.

ಬಳಗವೆಲ್ಲ ನೆರೆದಿತ್ತು. ಮಾಗಡಿಯವರು ಸೈಕಲ್ಲುಗಳನ್ನು ಟೆಂಪೋದಲ್ಲಿ ಹೇರಿಕೊಂಡು ಬಂದಿದ್ದರು. ಲೋಕೇಶ್ ಭಾವನ ಸೈಕಲ್ಲಿನ ಸುತ್ತ ಒಂದು ಸುತ್ತು ಹಾಕಿ, ಬೆಲ್ಲು ಬಾರಿಸಿ ನೋಡಿ, ಸೀಟು ಒಸಿ ತಗ್ಗಿಸಬೇಕಾಗುತ್ತೆ ನನಗೆ ಅಂದ. ಮರಿಯಪ್ಪನ ಹೊಟ್ಟೆಯಲ್ಲಿ ಕಿಚ್ಚು ಹತ್ತಿತು. ಕಿಚ್ಚು ಹತ್ತಿದ್ದು ಅಲ್ಲೊಂದೇ ಕಡೆಯಲ್ಲ ಅನ್ನುವುದು ಪಂದ್ಯ ಶುರುವಾಗಿ ಇನ್ನೂರು ಮೀಟರು ಹೋಗುವಷ್ಟರಲ್ಲಿ ತಿಳಿಯಿತು.

ಬೆವರು ಇಳಿದಿತ್ತು. ಎಣ್ಣೆ ಕುಡಿದ ಮೆತ್ತೆ ಬೆವರಿಗೆ ನೆನೆಯಿತು. ನೆನೆದದ್ದನ್ನು ಸೀಟು ಒತ್ತಿತು. ಮೊದಲು ಸಣ್ಣಗೆ ಚುರುಚುರು ಅಂದದ್ದು, ಆಮೇಲೆ ಬ್ಯಾಡಗಿ ಮೆಣಸಿನಕಾಯಿಯ ಮೂಟೆಯ ಮೇಲೆ ಕೂತ ಹಾಗಾಗಿ, ಕೊನೆಗೆ ಹೇಳುವ ಹಾಗೂ ಇಲ್ಲ ಬಿಡುವ ಹಾಗೂ ಇಲ್ಲ! ಮರಿಯಪ್ಪ ಸೀಟು ಬಿಟ್ಟು ಎದ್ದು ನಿಂತು ತುಳಿದ. ಅವನ ಕಣ್ಣ ಮುಂದೆ ಸೈಕಲ್ಲಿರಲಿಲ್ಲ, ಲೋಕೇಶನಿರಲಿಲ್ಲ, ಸಾರ್ ಅನ್ನಿಸಿಕೊಳ್ಳುವ ಆಸೆಯೂ ಇರಲಿಲ್ಲ. ಇದ್ದದ್ದು ಒಂದೇ, ರಸ್ತೆಯ ತುದಿಯಲ್ಲಿ ಹಾಲಿನ ಡೇರಿ ಮುಂದಿನ ದನದ ನೀರಿನ ತೊಟ್ಟಿ. ಗುರಿಯ ಗೆರೆ ಬಂದದ್ದೂ ಗೊತ್ತಾಗಲಿಲ್ಲ, ಹೋದದ್ದೂ ಗೊತ್ತಾಗಲಿಲ್ಲ. ಡೇರಿಗೆ ಹಾಲು ಹಾಕಲು ಸಾಲು ನಿಂತಿದ್ದ ಹೆಂಗಸರು ನೋಡುತ್ತಿದ್ದ ಹಾಗೇ ಸೈಕಲ್ಲನ್ನು ಒಂದು ಕಡೆಗೆ ಒಗೆದು, ನೀರು ಕುಡಿಯುತ್ತಿದ್ದ ಹಸುವನ್ನು ಪಕ್ಕಕ್ಕೆ ಸರಿಸಿ, ಮರಿಯಪ್ಪ ತೊಟ್ಟಿಯೊಳಗೆ ಕೂತುಬಿಟ್ಟ.

ಹಿಂದಿನಿಂದ ಬಳಗ ಓಡೋಡಿ ಬಂತು. ಉಜೈರ್ ಸೈಕಲ್ಲಿಗೆ ಕಟ್ಟಿದ್ದ ಫೋನು ಬಿಚ್ಚಿ ನೋಡಿ ಕಣ್ಣು ಉಜ್ಜಿಕೊಂಡ. ನಲವತ್ತೊಂದು! ಗಂಟೆಗೆ ನಲವತ್ತೊಂದು ಕಿಲೋಮೀಟರ್! ಐವತ್ತಾರರ ಪ್ರಾಯ! ಎಲ್ಲರೂ ಚಪ್ಪಾಳೆ ತಟ್ಟಿದರು. ಲೋಕೇಶನ ಮುಖ ಹುಳಿ ಮಜ್ಜಿಗೆಯಾಯಿತು. ಸೊಂಟದವರೆಗೆ ನೀರಿನಲ್ಲಿದ್ದ ಮರಿಯಪ್ಪನಿಗೆ ಉರಿ ಒಸಿ ಇಳಿದು ಜೀವ ಬಂತು, ಜೀವದ ಜೊತೆಗೆ ಜಂಬವೂ ಬಂತು. ಗುಟ್ಟೇನು ಸಾರ್ ಅಂತ ಕೇಳಿದರು. ಓಡಿಸಿದ ತಕ್ಷಣ ತಣ್ಣೀರಿನಲ್ಲಿ ಕೂರುವುದು ಪರದೇಶದವರ ಪದ್ಧತಿ ಅಂತ ಶುರುಮಾಡಿ, ಉಸಿರಿನ ಹಿಡಿತ, ಮನಸ್ಸಿನ ಹಿಡಿತ, ಶಿಸ್ತು ಅಂತ ತೊಟ್ಟಿಯಿಂದಲೇ ಪ್ರವಚನ ಕೊಟ್ಟ. ಇಬ್ಬರು ಅದನ್ನು ವಿಡಿಯೋ ಮಾಡಿಕೊಂಡರು. ಕೊನೆಗೆ, ಎಲ್ಲಕ್ಕಿಂತ ಮುಖ್ಯ ಉಜೈರ್ ಕೊಟ್ಟ ಎಣ್ಣೆ ಅಂತ ದೊಡ್ಡ ಮನಸ್ಸು ಮಾಡಿ ಅವನಿಗೂ ಒಂದು ಪಾಲು ಕೊಟ್ಟ.

“ಅದು ಆ ಎಣ್ಣೆ ಅಲ್ಲ,” ಅಂತ ಹಾಲಿನ ಸಾಲಿನಿಂದ ಒಂದು ದನಿ ಬಂತು.

ಹುಳ ಆಯಲು ಆಳು ಸಾಲದೆ, ಡೇರಿ ಹತ್ತಿರ ಯಾರಾದರೂ ಹೆಂಗಸರು ಸಿಕ್ಕಾರು ಅಂತ ಬಂದಿದ್ದ ಸರಸಮ್ಮ ಸೆರಗು ಸಿಕ್ಕಿಸಿಕೊಂಡು ಮುಂದೆ ಬಂದಳು. ಸಿಟ್ಟಿರಲಿಲ್ಲ, ಅದೇ ಭಯದ ಸಂಗತಿ. ರಾತ್ರಿ ಮಾರಕ್ಕನ ಮಂಡಿಗೆ ಹಚ್ಚಿ ಬೆಳಿಗ್ಗೆ ತೊಳೆದು, ಹಾಗೇ ಉಜೈರ್ ಕೊಟ್ಟದ್ದು ನಿನ್ನೆಯೇ ಮುಗಿದಿತ್ತಂತೆ. ಕೆಲಸ ತಪ್ಪಿಸಿಕೊಳ್ಳುವುದಕ್ಕೆ ವಾಸನೆ ಬಂದರೆ ಸಾಕಲ್ಲ, ಯಾವ ಎಣ್ಣೆಯಾದರೇನು ಅಂತ, ನೊಗ ಉಜ್ಜಿ ಹೆಗಲು ಊದಿದ್ದ ಎತ್ತಿಗೆ ದನದ ಡಾಕ್ಟ್ರು ಕೊಟ್ಟಿದ್ದ ಎಣ್ಣೆಯನ್ನು ಸರಸಮ್ಮ ತಾನೇ ಶೀಶೆಗೆ ಸುರಿದಿಟ್ಟಿದ್ದಳಂತೆ. ಕಾಲಿಗೆ ಹಚ್ಚಿಕೊಳ್ಳುತ್ತಾರೆ ಅಂದುಕೊಂಡಿದ್ದೆ, ಇಷ್ಟು ದೂರ ಹಚ್ಚಿಕೊಳ್ಳುತ್ತಾರೆ ಅಂತ ನನಗೇನು ಗೊತ್ತು ಅಂತಲೂ ಸೇರಿಸಿದಳು.

ಹಾಲಿನ ಸಾಲು ನಕ್ಕಿತು. ಬಳಗ ನಗಬಾರದೆಂದು ಬಹಳ ಪ್ರಯತ್ನಪಟ್ಟು ನಕ್ಕಿತು. ಲೋಕೇಶ್ ಮಾತ್ರ ಗಂಭೀರವಾಗಿ ಗಂಟಲು ಸರಿಪಡಿಸಿಕೊಂಡು, ಮದ್ದು ಹಾಕಿಕೊಂಡು ಓಡಿಸಿದ್ದು ಲೆಕ್ಕಕ್ಕೆ ಬರುವುದಿಲ್ಲ, ಅದರಲ್ಲೂ ದನದ ಮದ್ದು, ಎಣ್ಣೆ ತೊಳೆದುಕೊಂಡು ಇನ್ನೊಂದು ಸಲ ಓಡಿಸಲಿ ಅಂತ ತೀರ್ಪು ಕೊಟ್ಟು ಸೈಕಲ್ಲಿನ ಹ್ಯಾಂಡಲ್ ಮೇಲೆ ಕೈಯಿಟ್ಟ. ಮರಿಯಪ್ಪ ಸೀಟಿನ ಕಡೆ ನೋಡಿದ. ಇನ್ನು ಎಂಟು ದಿನ ಅದರ ಮೇಲೆ ಕೂರುವುದಿರಲಿ, ಅದರ ಹೆಸರೆತ್ತುವ ಹಾಗೂ ಇರಲಿಲ್ಲ. ಹೋಯಿತು, ಸೈಕಲ್ಲೂ ಹೋಯಿತು, ಸಾರೂ ಹೋಯಿತು ಅಂತ ಅವನಿಗೆ ನಿಜವಾಗಿಯೂ ಅಳು ಬಂತು. ಮುಖ ತೊಳೆಯುವವನಂತೆ ತೊಟ್ಟಿಯ ನೀರನ್ನು ಕಣ್ಣಿಗೆ ಹಾಕಿಕೊಂಡ.

ಸರಸಮ್ಮ ಅದನ್ನು ನೋಡಿದಳು. ತಮ್ಮನ ಕೈಯನ್ನು ಹ್ಯಾಂಡಲ್ಲಿನಿಂದ ಎತ್ತಿ ಪಕ್ಕಕ್ಕಿಟ್ಟಳು.

“ಸೈಕಲ್ ಮುಟ್‌ಬ್ಯಾಡ ಕಣ್ಲಾ ಲೋಕೇಶ. ಅದು ನನ್ ಮಗಳು ತಂದಿದ್ದು. ನೀನು, ನಿನ್ ಜೊತೆಗಾರ್ರು ಎಲ್ಲಾ ಕೈ ತೊಳ್ಕಂಡು ಹುಳುಮನೆಗೆ ನಡೀರಿ, ಹಣ್ಣಾಗಿ ಕುಂತವೆ.”

ಅರ್ಧಶತಕ ಬಳಗ ಕೈ ತೊಳೆಯಲು ನಲ್ಲಿ ಕಡೆಗೆ ಹೊರಟಿತು. ಮರಿಯಪ್ಪ ಕೃತಜ್ಞತೆಯಿಂದ ಹೆಂಡತಿಯನ್ನು ನೋಡಿ, ಮೈಯೆಲ್ಲ ಎಣ್ಣೆ ವಾಸನೆ, ನಾನು ಹುಳುಮನೆಯೊಳಗೆ ಹೇಗೆ ಬರಲಿ, ಒಸಿ ಹೊತ್ತು ಇಲ್ಲೇ ಇದ್ದು ಬರುತ್ತೇನೆ ಅಂದ.

“ಚಂದ್ರಿಕೆ ಹೊರೋದು ಆಚೆ ಕೆಲ್ಸ. ಅದುಕ್ಕೆ ವಾಸ್ನೆ ಅಡ್ಡಿ ಇಲ್ಲ,” ಅಂದಳು ಸರಸಮ್ಮ. “ಎರಡೇ ದಿನ ಹಚ್ಚಿದ್ದು, ಎತ್ತು ಎದ್ದು ಗೇಯಕ್ ಹೋಯ್ತು. ನೀವೂ ಏಳಿ.”