ಕೂತು ಆರಿಸಿದ ಮೌಂಟನ್ ಬೈಕು

ಗುರುಮಲ್ಲಪ್ಪನ ಸೈಕಲ್ ಚೈನು ಬದನವಾಳಿನಲ್ಲಿ ಕಳಚದೆ ಬೇರೆಲ್ಲಾದರೂ ಕಳಚಿದ್ದರೆ ಇಷ್ಟೆಲ್ಲ ರಾದ್ಧಾಂತ ಆಗುತ್ತಲೇ ಇರಲಿಲ್ಲ. ಅದು ಕಳಚಿದ್ದು ಸರಿಯಾಗಿ ಖಾದಿ ಕೇಂದ್ರದ ಹೆಂಗಸರು ಬುತ್ತಿ ಬಿಚ್ಚಿಕೊಂಡು ಮರದ ಕೆಳಗೆ ಕೂತಿದ್ದ ಹೊತ್ತಿಗೆ. ನಂಜನಗೂಡಿನ ಕರೆಂಟ್ ಆಫೀಸಿನ ಮೀಟರ್ ರೀಡರ್ ಅಂದರೆ ಸುತ್ತಲ ಹಳ್ಳಿಗಳಲ್ಲಿ ಒಂದು ಮರ್ಯಾದೆ ಇತ್ತು. ಆ ಮರ್ಯಾದೆಗೂ ಬಿಳಿ ಅಂಗಿಗೂ ಒಟ್ಟಿಗೆ ಗ್ರೀಸು ಮೆತ್ತಿಕೊಂಡು ಅವನು ಎದ್ದು ನಿಂತಾಗ ಮುದುಕಿಯೊಬ್ಬಳು, "ಆ ಸೈಕಲ್ಲು ನಿಮ್ಮನ್ನ ಒತ್ತಿದ್ದು ಸಾಕು ಸಾ, ಇನ್ಮೇಕೆ ನೀವೇ ಅದನ್ನ ಒತ್ಕೊಂಡೋಗಿ" ಅಂದಳು. ಹೆಂಗಸರೆಲ್ಲ ಸೆರಗು ಬಾಯಿಗಿಟ್ಟು ನಕ್ಕರು. ಗುರುಮಲ್ಲಪ್ಪ ಸೈಕಲ್ ತಳ್ಳಿಕೊಂಡೇ ಊರಿಗೆ ಬಂದ, ಬರುವ ಶನಿವಾರ ಹೊಸದನ್ನು ಕೊಳ್ಳುವುದೆಂದು ದಾರಿಯಲ್ಲೇ ತೀರ್ಮಾನಿಸಿದ.

ದಪ್ಪ ಟೈರು, ನೆಟ್ಟನೆಯ ಹ್ಯಾಂಡಲ್ಲಿನ ಮೌಂಟನ್ ಬೈಕಿಗೆ ಊರಿನ ಹುಡುಗರೆಲ್ಲ ಮರುಳಾಗಿದ್ದ ಕಾಲ ಅದು. ಕಾಲುವೆ ಏರಿಯ ಮೇಲೆ ಕುಲುಕಾಡಿಕೊಂಡು ಹಳ್ಳಿ ಹಳ್ಳಿ ತಿರುಗುವ ತನಗೂ ಅದೇ ಸರಿ ಎಂದು ಅವನಿಗೆ ಅನ್ನಿಸಿತು. ಪಕ್ಕದ ಮನೆಯ ಸಾಕಮ್ಮ ಮೌಂಟನ್ ಅಂದರೆ ಏನೆಂದು ಕೇಳಿದಳು. ಬೆಟ್ಟ ಅಂದಿದ್ದಕ್ಕೆ, ನಂಜನಗೂಡಿನಲ್ಲಿ ಬೆಟ್ಟ ಎಲ್ಲಿದೆ ಎಂದು ಇನ್ನೊಂದು ಪ್ರಶ್ನೆ ಹಾಕಿದಳು. ಆಫೀಸಿನ ಲೈನ್‌ಮನ್ ಮಹಾದೇವಸ್ವಾಮಿಯದು ಬೇರೆಯೇ ರಾಗ. ಕೊಂಡರೆ ರಾಕೆಟ್ ಕಂಪನಿಯದೇ ಕೊಳ್ಳಬೇಕಂತೆ, ಯಾಕೆಂದರೆ ಅವನ ಹತ್ತಿರ ಇದ್ದದ್ದು ಅದೇ. ಊರೆಲ್ಲ ಕೊಂಡಿದ್ದನ್ನು ಕೊಂಡರೆ ಊರೆಲ್ಲ ಬೈಯುವಾಗ ಜೊತೆಗೆ ಕೂತು ಬೈಯಬಹುದು ಎಂಬುದು ಅವನ ವಾದ.

ಗುರುಮಲ್ಲಪ್ಪ ಹೆಸರಿಗೆ ಸೋಲುವ ಆಳಲ್ಲ. ಅವನ ಮಾವ, ಹುಲ್ಲಹಳ್ಳಿಯ ಚಿಕ್ಕಬಸಪ್ಪ, ಎತ್ತು ಆರಿಸುವುದರಲ್ಲಿ ಎತ್ತಿದ ಕೈ. ಎತ್ತು ಯಾರ ಕೊಟ್ಟಿಗೆಯದು ಎಂದು ಅವರು ಕೇಳಿದವರೇ ಅಲ್ಲ. ಕಣ್ಣು ಮುಚ್ಚಿ ಹಿಣಿಲಿನಿಂದ ಬಾಲದವರೆಗೆ ಒಮ್ಮೆ ಕೈಯಾಡಿಸಿದರೆ ಮುಗಿಯಿತು, ಅದು ಉಳುತ್ತದೋ ಮಲಗುತ್ತದೋ ಹೇಳಿಬಿಡುತ್ತಿದ್ದರು. ಸೈಕಲ್ಲನ್ನೂ ಹಾಗೇ ಆರಿಸಬೇಕು, ಮೈ ಒಪ್ಪಿದ್ದೇ ಗಾಡಿ ಎಂದು ಗುರುಮಲ್ಲಪ್ಪ ಆಫೀಸಿನಲ್ಲಿ ಎಲ್ಲರೆದುರು ಸಾರಿದ.

ಇದರಲ್ಲೊಂದು ತೊಡಕಿತ್ತು. ಹಳೆಯ ಸೈಕಲ್ಲು ಅದೇ ಮಾವ ಮದುವೆಯಲ್ಲಿ ಕೊಟ್ಟದ್ದು. ಹ್ಯಾಂಡಲ್ಲಿಗೆ ಮಲ್ಲಿಗೆ ಹಾರ ಹಾಕಿಸಿ, ಚಪ್ಪರದ ಕೆಳಗೆ ತಂದು ನಿಲ್ಲಿಸಿದ್ದ ಹೊಚ್ಚ ಹೊಸ ಗಾಡಿ. ಅದನ್ನು ಮಾರುವ ಮೊದಲು ಅಪ್ಪನಿಗೆ ಒಂದು ಮಾತು ಹೇಳಿ ಎಂದು ಹೆಂಡತಿ ಚನ್ನಬಸಮ್ಮ ಗೋಗರೆದಳು. ಅವಳ ಅಳುಕಿಗೆ ಕಾರಣವಿತ್ತು. ಅಪ್ಪನ ಕೊಟ್ಟಿಗೆಯಲ್ಲಿ ಗಬ್ಬವಾದ ಸೀಮೆಹಸುವೊಂದಿತ್ತು. ಅದನ್ನು ಇಬ್ಬರು ಅಳಿಯಂದಿರಲ್ಲಿ ಒಬ್ಬರಿಗೆ ಕೊಡುವುದಾಗಿ ಅವರು ಹೇಳಿದ್ದರು. ಆ ಹಸು ತನ್ನ ಮನೆಗೇ ಬರಬೇಕೆಂದು ಚನ್ನಬಸಮ್ಮ ಹಿತ್ತಲಲ್ಲಿ ಗೂಟ ಕೂಡ ನೆಡಿಸಿದ್ದಳು. ಮಾವನಿಗೆ ಆಮೇಲೆ ಹೇಳಿದರಾಯಿತು ಎಂದು ಗುರುಮಲ್ಲಪ್ಪ ಮಾತು ತೇಲಿಸಿದ.

ಆ ಶನಿವಾರ ಆಫೀಸಿಗೆ ಎರಡನೇ ಶನಿವಾರದ ರಜೆ. ಬೆಳಗ್ಗೆ ಸೈಕಲ್ಲನ್ನು ಬಸ್ಸಿನ ಟಾಪಿಗೆ ಏರಿಸಿ, ಮಹಾದೇವಸ್ವಾಮಿಯನ್ನು ಜೊತೆಗೆ ಕಟ್ಟಿಕೊಂಡು ಅವನು ತಿರುಮಕೂಡಲಿಗೆ ಹೋದ. ಅಲ್ಲಿ ಮಹಾದೇವಸ್ವಾಮಿಗೆ ಗೊತ್ತಿದ್ದ ರಂಗನಾಯಕನ ಸೈಕಲ್ ಶಾಪಿನಲ್ಲಿ ಹಳೆಯದನ್ನು ಕೊಟ್ಟು ಹೊಸದನ್ನು ತರಬಹುದಿತ್ತು. ಅಂಗಡಿ ಮೆಟ್ಟಿಲು ಹತ್ತುವ ಮೊದಲು ಗುರುಮಲ್ಲಪ್ಪ ಸಂಗಾತಿಗೆ ಒಂದು ಕಟ್ಟಪ್ಪಣೆ ಮಾಡಿದ. ತಾನು ಗಾಡಿ ಆರಿಸುವಾಗ ಕಂಪನಿ, ಹೆಸರು, ಅದು ಇದು ಎಂದು ತುಟಿ ಪಿಟಕ್ಕೆನ್ನಬಾರದು. ಮಹಾದೇವಸ್ವಾಮಿ ನಂಜುಂಡೇಶ್ವರನ ಆಣೆಯಿಟ್ಟು ಒಪ್ಪಿದ.

ಅಷ್ಟರಲ್ಲಿ ಗೋಡೆಯ ಕ್ಯಾಲೆಂಡರ್ ಕಣ್ಣಿಗೆ ಬಿತ್ತು. ಶನಿವಾರ, ಒಂಬತ್ತಕ್ಕೇ ರಾಹುಕಾಲ. ಹೊಸ ಗಾಡಿ ಮುಟ್ಟುವ ಹಾಗಿರಲಿಲ್ಲ. ತೆಗೆದುಕೊಳ್ಳುವುದಕ್ಕೆ ತಾನೇ ರಾಹು ಅಡ್ಡ, ಕೊಡುವುದಕ್ಕೇನಂತೆ ಎಂದು ರಂಗನಾಯಕ ಲೆಕ್ಕ ಹೇಳಿದ. ಅದೂ ಸರಿ ಅನ್ನಿಸಿ ಗುರುಮಲ್ಲಪ್ಪ ಹಳೆಯ ಸೈಕಲ್ಲನ್ನು ಒಪ್ಪಿಸಿ, ಒಂದು ಸಲ ಅದರ ಬೆಲ್ಲು ಬಾರಿಸಿ, ಹೋಟೆಲಿಗೆ ದೋಸೆ ತಿನ್ನಲು ಹೋದ. ಮಹಾದೇವಸ್ವಾಮಿ ಹರಟೆ ಹೊಡೆಯಲು ಅಂಗಡಿಯಲ್ಲೇ ಉಳಿದ.

ರಾಹುಕಾಲ ಕಳೆದು ಅವನು ಬಂದಾಗ ಅಂಗಡಿ ಮುಂದೆ ಮೂರು ಮೌಂಟನ್ ಬೈಕುಗಳು ಸಾಲಾಗಿ ನಿಂತಿದ್ದವು. ಗುರುಮಲ್ಲಪ್ಪ ಕಣ್ಣು ಮುಚ್ಚಿ ಮೊದಲನೆಯದರ ಹ್ಯಾಂಡಲ್ಲಿನಿಂದ ಹಿಂದಿನ ಮಡ್‌ಗಾರ್ಡ್ ತನಕ ಕೈಯಾಡಿಸಿದ. ಸೈಕಲ್ಲಿನ ಬೆನ್ನು ಸವರುವ ಗಿರಾಕಿಯನ್ನು ರಂಗನಾಯಕ ಹುಟ್ಟಿದ ಮೇಲೆ ನೋಡಿರಲಿಲ್ಲ. ಅವನು ಹಿಡಿದಿದ್ದ ಪಂಪು ಹಾಗೇ ನಿಂತುಹೋಯಿತು. ಆ ಮೊದಲನೆಯದೇ ರಾಕೆಟ್. ಅದರ ಸೀಟು ಕಲ್ಲುಬೆಂಚಿನಷ್ಟು ಗಟ್ಟಿ ಎಂದು ಗುರುಮಲ್ಲಪ್ಪ ಕೂತಷ್ಟೇ ಬೇಗ ಇಳಿದ. ಎರಡನೆಯದನ್ನು ಕಣ್ಣು ಮುಚ್ಚಿಕೊಂಡೇ ತುಳಿದು ನೋಡುತ್ತೇನೆಂದು ಹೊರಟು ಎದುರಿನ ಎಳನೀರಿನ ರಾಶಿಯೊಳಗೆ ನುಗ್ಗಿದ. ಬುರುಡೆಗಳು ಬಸ್ ಸ್ಟ್ಯಾಂಡಿನ ಕಡೆ ಉರುಳಿದವು. ಎಳನೀರಿನವನು ಬೈದ ಬೈಗುಳ ಕೇಳಿ ಬಸ್ಸಿಗೆ ಕಾದು ನಿಂತಿದ್ದ ಪ್ರಯಾಣಿಕರೇ ಬೆಚ್ಚಿಬಿದ್ದರು. ಒಡೆದ ಬುರುಡೆಗಳ ನೀರನ್ನು ಗುರುಮಲ್ಲಪ್ಪನೂ ಮಹಾದೇವಸ್ವಾಮಿಯೂ ಕುಡಿದು ಮುಗಿಸಿ ಹಿಂದಕ್ಕೆ ಬಂದರು.

ಮೂರನೆಯದು ಯಾವ ಊರಿನ ಯಾವ ಕಂಪನಿಯದೋ, ಹೆಸರೇ ಇಲ್ಲದ ಹಸಿರು ಗಾಡಿ. ಸೀಟಿಗೆ ಕೆಂಪು ವೆಲ್ವೆಟ್ಟಿನ ಕವರು, ಸುತ್ತ ಜಾಲರಿ. ಅದರ ಮೇಲೆ ಕೂತದ್ದೇ ತಡ, ಗುರುಮಲ್ಲಪ್ಪನ ಮೈಯಲ್ಲಿ ಜುಮ್ಮೆಂದಿತು. ಎಲ್ಲಿ ತಗ್ಗಬೇಕೋ ಅಲ್ಲಿ ತಗ್ಗು, ಎಲ್ಲಿ ಆತುಕೊಳ್ಳಬೇಕೋ ಅಲ್ಲಿ ಆತುಕೊಳ್ಳುತ್ತದೆ. ಜೀವಮಾನದಲ್ಲಿ ಇಂಥ ಸುಖ ಕಂಡಿರಲಿಲ್ಲ ಎಂದುಕೊಂಡ. ಸಂಗಮದ ದಾರಿಯಲ್ಲಿ ಒಂದು ಸುತ್ತು ಹೋಗಿ ಬಂದವನ ಕಣ್ಣಲ್ಲಿ ನೀರೇ ಬಂದಿತ್ತು.

"ಇದೇ ನನ್ನ ಗಾಡಿ. ಇದು ನನಗೇ ಅಂತ ಹುಟ್ಟಿರೋದು" ಎಂದ.

"ಗುರುಮಲ್ಲಣ್ಣ, ಆ ಗಾಡಿದು..." ಎಂದು ಮಹಾದೇವಸ್ವಾಮಿ ಬಾಯಿ ತೆರೆದ. ಗುರುಮಲ್ಲಪ್ಪ ಆಣೆ ನೆನಪಿಸಿದ. ಮಹಾದೇವಸ್ವಾಮಿ ರಂಗನಾಯಕನ ಮುಖ ನೋಡಿದ, ರಂಗನಾಯಕ ಮಾಡಿನ ತೊಲೆ ನೋಡಿದ. ವ್ಯಾಪಾರ ಮುಗಿಯಿತು.

ನಂಜನಗೂಡಿನಲ್ಲಿ ಇಳಿದ ಮೇಲೆ ಮಹಾದೇವಸ್ವಾಮಿ ತನ್ನ ಮನೆಗೆ ಹೋದ. ಗುರುಮಲ್ಲಪ್ಪ ಬೀದಿಯ ತಿರುವಿಗೆ ಬರುವಷ್ಟರಲ್ಲಿ ಸಾಕಮ್ಮ ಎದುರಿಗೆ ಕಾದು ನಿಂತಿದ್ದಳು. ಮಾವನೋರು ಬಂದು ಜಗುಲಿ ಮೇಲೆ ಕೂತವ್ರೆ, ಸೈಕಲ್ಲು ಎಲ್ಲಿ ಅಂತ ಆಗಲಿಂದ ಕೇಳ್ತಾವ್ರೆ ಎಂದು ಸುದ್ದಿ ಮುಟ್ಟಿಸಿದಳು. ಅವಳ ಮುಖದಲ್ಲಿ ಹಬ್ಬದ ಕಳೆ ಇತ್ತು.

ಅವನು ಹಿತ್ತಲ ಬಾಗಿಲಿನಿಂದ ಒಳಗೆ ಹೊಕ್ಕು, ಹಸಿರು ಗಾಡಿಯನ್ನು ಬಚ್ಚಲಮನೆಯಲ್ಲಿ ಹಂಡೆಯ ಪಕ್ಕಕ್ಕೆ ನೂಕಿದ. ಚನ್ನಬಸಮ್ಮ ಬಿಳಿಚಿಕೊಂಡು ಬಂದು ಪಿಸುಗುಟ್ಟಿದಳು. ಹಸು ಯಾರಿಗೆಂದು ಅಪ್ಪ ಇವತ್ತೇ ತೀರ್ಮಾನ ಮಾಡುತ್ತಾರಂತೆ. ಕೊಟ್ಟ ವಸ್ತುವನ್ನು ಯಾರು ಜೋಪಾನ ಮಾಡಿದ್ದಾರೋ ಅವರ ಮನೆಗೆ ಹಸು. ತಂಗಿಯ ಗಂಡ ಶಿವರಾಜುವಿಗೆ ಮದುವೆಯಲ್ಲಿ ಕೊಟ್ಟ ಗೋಡೆ ಗಡಿಯಾರ ಇವತ್ತಿಗೂ ಟಣ್ ಎನ್ನುತ್ತಿದೆಯಂತೆ, ನೋಡಿಕೊಂಡೇ ಬಂದಿದ್ದಾರೆ. ಇನ್ನು ಉಳಿದಿರುವುದು ಸೈಕಲ್ಲು.

ಗುರುಮಲ್ಲಪ್ಪ ಜಗುಲಿಯ ಕಡೆ ತಲೆ ಹಾಕಲೇ ಇಲ್ಲ. ಹಿತ್ತಲಿನಿಂದಲೇ ಎಸ್.ಟಿ.ಡಿ. ಬೂತಿಗೆ ಓಡಿ ರಂಗನಾಯಕನಿಗೆ ಫೋನು ಹಚ್ಚಿದ. ಹಳೆಯದನ್ನು ಹಾಗೇ ಇಟ್ಟಿರಪ್ಪ, ಈಗಲೇ ಬರುತ್ತೇನೆ ಎಂದು ಅಂಗಲಾಚಿದ. ರಂಗನಾಯಕ ಸಾವಿನ ಮನೆಯ ದನಿಯಲ್ಲಿ, "ಎಲ್ಲಿ ಸಾ ಅದು? ಬಿಚ್ಚಾಕಿ ಆಯ್ತು. ಚಕ್ರ ತಳ್ಳೋ ಗಾಡಿಯೋನು ಒತ್ಕೊಂಡೋದ, ಬಾಡಿ ಗುಜರಿ ಲಾರಿ ಅತ್ತಿ ಮೈಸೂರಿಗೋಯ್ತು" ಎಂದ. ಗುರುಮಲ್ಲಪ್ಪ ಫೋನಿನ ದುಡ್ಡು ಕೊಟ್ಟು ಹೊರಗೆ ಬಂದ.

ಬೂತಿನ ಬಾಗಿಲಲ್ಲೇ ಕಿವಿ ಕೊಟ್ಟು ನಿಂತಿದ್ದ ಸಾಕಮ್ಮ ಉಪಾಯ ಹೇಳಿದಳು. ಅವಳ ಗಂಡ ಶಿವಣ್ಣನದೂ ಅಂಥದೇ ಕರೀ ಸೈಕಲ್ಲು, ಅದೇ ವಯಸ್ಸು, ಅದೇ ತುಕ್ಕು. ಗಂಡ ಸಂಜೆ ತನಕ ಬರಲ್ಲ, ತಗೊಂಡೋಗಿ ತೋರಿಸಿ ಎಂದಳು. ಮುಳುಗುವವನಿಗೆ ಅಷ್ಟೇ ಸಾಕಾಗಿತ್ತು. ಗುರುಮಲ್ಲಪ್ಪ ಶಿವಣ್ಣನ ಸೈಕಲ್ಲನ್ನು ಒರೆಸಿ, ಎಣ್ಣೆ ಸವರಿ, ಏನೂ ಆಗದವನಂತೆ ಜಗುಲಿಯ ಮುಂದೆ ತಂದು ನಿಲ್ಲಿಸಿ ಮಾವನ ಕಾಲು ಮುಟ್ಟಿ ನಮಸ್ಕರಿಸಿದ.

ಚಿಕ್ಕಬಸಪ್ಪ ಎದ್ದರು. ವಿಭೂತಿಯ ಹಣೆ, ಹೆಗಲ ಮೇಲೆ ವಲ್ಲಿ, ಕಂಕುಳಲ್ಲಿ ಕೈಚೀಲ. ಸೈಕಲ್ಲಿನ ಹತ್ತಿರ ಬಂದು ಕಣ್ಣು ಮುಚ್ಚಿದರು. ಕೈ ಹ್ಯಾಂಡಲ್ಲಿನಿಂದ ಬಾರಿಗೆ ಬಂತು, ಬಾರಿನಿಂದ ಸೀಟಿಗೆ ಬಂತು, ಅಲ್ಲೇ ನಿಂತಿತು.

"ಅಳಿಯಂದ್ರೇ, ಇದು ನಾ ಕೊಟ್ಟ ಗಾಡಿ ಅಲ್ಲ" ಎಂದರು.

ಅದೇ ಹೊತ್ತಿಗೆ ಶಿವಣ್ಣ, ಹೋದ ಕೆಲಸ ಆಗದೆ, ಬೀದಿಯಲ್ಲಿ ನಡೆದು ಬಂದ. ತನ್ನ ಸೈಕಲ್ಲಿಗೆ ಯಾರು ಎಣ್ಣೆ ಸವರಿದವರು ಎಂದು ಜೋರಾಗಿ ಕೇಳಿದ. ಸಾಕಮ್ಮ ತನಗೆ ಏನೂ ಗೊತ್ತಿಲ್ಲವೆಂದು, ಒಣಗಿದ ಬಟ್ಟೆ ತೆಗೆಯುವ ನೆಪದಲ್ಲಿ ಹೋದಳು. ಅವಳ ತಂತಿಯ ಮೇಲೆ ಒಂದು ಚಿಂದಿಯೂ ಇರಲಿಲ್ಲ.

ಇನ್ನು ಮುಚ್ಚಿಟ್ಟು ಫಲವಿರಲಿಲ್ಲ. ಗುರುಮಲ್ಲಪ್ಪ ಚೈನು ಕಳಚಿದ್ದರಿಂದ ಹಿಡಿದು ಗುಜರಿ ಲಾರಿಯವರೆಗೆ ಎಲ್ಲವನ್ನೂ ಒಪ್ಪಿಕೊಂಡ. ಕಡೆಯಲ್ಲಿ ಒಂದು ಆಸೆಯಿಂದ, ಹೊಸದನ್ನು ಹೆಸರು ನೋಡಿ ತಂದಿಲ್ಲ ಮಾವ, ನಿಮ್ಮ ಹಾಗೇ ಮೈಯಿಂದ ಆರಿಸಿದ್ದೇನೆ, ಒಂದು ಸಲ ಕೈಯಾಡಿಸಿ ನೋಡಿ ಎಂದು ಕೇಳಿಕೊಂಡ. ಬಚ್ಚಲಮನೆಯಿಂದ ಹಸಿರು ಗಾಡಿ ಹೊರಗೆ ಬಂತು. ಹೊಸ ಗಾಡಿಯ ಪೂಜೆಗೆಂದು ನಿಂಬೆಹಣ್ಣು ಹಿಡಿದು ಮಹಾದೇವಸ್ವಾಮಿಯೂ ಬಂದ. ಬೀದಿಯ ಜನ ಆಗಲೇ ಸೇರಿದ್ದರು.

ಚಿಕ್ಕಬಸಪ್ಪ ಮತ್ತೆ ಕಣ್ಣು ಮುಚ್ಚಿ ಕೈಯಾಡಿಸಿದರು. ಹ್ಯಾಂಡಲ್ಲಿಗೆ ಮೂಗು ಮುರಿದರು. ಬಾರಿಗೆ ತಲೆಯಾಡಿಸಿದರು. ಕೈ ವೆಲ್ವೆಟ್ ಸೀಟಿಗೆ ಬಂದದ್ದೇ ಮುದುಕರು ಕರೆಂಟು ಹೊಡೆದವರಂತೆ ಬೆಚ್ಚಿ ಕಣ್ಣು ತೆರೆದರು. ಜಾಲರಿ ಹಿಡಿದು ಕವರನ್ನು ಸರ್ರನೆ ಕಿತ್ತರು.

ಒಳಗಿದ್ದದ್ದು ಕಂದು ಬಣ್ಣದ, ಸವೆದು ಮಿರುಗುವ ಹಳೆಯ ತೊಗಲಿನ ಸೀಟು. ಎಡಗಡೆ ಒಂದು ತೇಪೆ. ಎತ್ತಿನ ಕೊರಳಪಟ್ಟಿಗೆ ಹಾಕುವಂಥ ದಪ್ಪ ಹೊಲಿಗೆ. ಗುರುಮಲ್ಲಪ್ಪ ಬಾಯಿ ಬಿಟ್ಟುಕೊಂಡು ನೋಡಿದ. ಮದುವೆಯಾದಂದಿನಿಂದ ಅವನು ಕೂತ ಸೀಟು ಅವನ ಕಣ್ಣೆದುರಿಗೇ ಇತ್ತು.

ಮಹಾದೇವಸ್ವಾಮಿ ನಿಂಬೆಹಣ್ಣನ್ನು ಕೈಯಿಂದ ಕೈಗೆ ಬದಲಾಯಿಸುತ್ತಾ ಬಾಯಿ ಬಿಟ್ಟ. "ಆ ಗಾಡಿಗೆ ಸೀಟೇ ಬಂದಿರ್ನಿಲ್ಲ ಕಣಣ್ಣ. ರಂಗನಾಯಕ ನಿಮ್ಮ ಅಳೇದನ್ನ ಬಿಚ್ಚಿ ಸಿಗಿಸ್ದ, ಕವರು ನಾನೇ ಆರಿಸ್ಕೊಟ್ಟೆ. ನಿಮಗೆ ಏಳಾಣ ಅಂದ್ರೆ ನೀವು ಆಣೆ ಇಕ್ಸಿದ್ರಿ."

ಅಂದರೆ ಮೂರು ಗಾಡಿಯಲ್ಲಿ ಅವನು ಆರಿಸಿದ್ದು ತನ್ನದೇ ಸೀಟನ್ನು. ಸುತ್ತ ನಿಂತಿದ್ದವರಿಗೆ ನಗು ತಡೆಯಲಾಗಲಿಲ್ಲ. ಚನ್ನಬಸಮ್ಮನಿಗೆ ಮಾತ್ರ ಬೆಳಕು ಕಂಡಿತು. ಅವಳು ಮುಂದೆ ಬಂದು, ನೋಡಪ್ಪ, ಸೈಕಲ್ಲು ಹೋದರೂ ನೀನು ಕೊಟ್ಟ ಸೀಟನ್ನು ಇವರ ಮೈ ಬಿಡಲಿಲ್ಲ, ಇದಕ್ಕಿಂತ ಜೋಪಾನ ಬೇಕಾ ಎಂದು ವಕೀಲರಂತೆ ವಾದ ಹೂಡಿದಳು.

ಮಾವ ಅವಳ ಮಾತು ಕೇಳಿಸಿಕೊಳ್ಳುತ್ತಿರಲಿಲ್ಲ. ಪಂಚೆ ಎತ್ತಿ ಕಟ್ಟಿ, ಗಾಡಿ ಹತ್ತಿ, ಬೀದಿಯ ತುದಿಯವರೆಗೆ ತುಳಿದು ವಾಪಸು ಬಂದರು. ಮುಖ ಅರಳಿತ್ತು.

"ಮೈ ಬಿಡ್ನಿಲ್ಲ ಅಂತೀಯಲ್ಲ ಮಗ, ಅದು ಅವರ ಮೈ ಅಲ್ಲ. ನಂದು" ಎಂದರು. "ನಿನ್ನ ಮದ್ವೆಗೆ ಮುಂಚೆ ಏಳು ವರ್ಷ ನಾನು ಇದರ ಮ್ಯಾಲೆ ಕೂತು ಉಲ್ಲಳ್ಳಿಯಿಂದ ನಂಜನಗೂಡು ಸಂತೆಗೆ ತುಳಿದಿದ್ದೆ. ಈ ತಗ್ಗು ನಾನೇ ಕೂತು ಮಾಡಿದ್ದು, ತೇಪೆ ನಾನೇ ಒಲೆದಿದ್ದು. ಆಮ್ಯಾಕೆ ಕರೀ ಬಣ್ಣ ಒಡೆಸಿ, ಸೀಟಿಗೊಂದು ಕವರು ಏರ್ಸಿ, ಊವಿನ ಆರ ಆಕ್ಸಿ ಕೊಟ್ಟೆ."

ಹೊಚ್ಚ ಹೊಸ ಸೈಕಲ್ಲು ಎಂದು ತವರಿನ ಹೆಸರು ಹೇಳಿಕೊಂಡು ಬೀಗಿದ್ದ ಚನ್ನಬಸಮ್ಮ ಜಗುಲಿಯ ಮೇಲೆ ಕುಸಿದು ಕೂತಳು. ಸಾಕಮ್ಮನ ಕಡೆ ನೋಡುವ ಧೈರ್ಯ ಅವಳಿಗಾಗಲಿಲ್ಲ. ಗುರುಮಲ್ಲಪ್ಪ ಮಾವ ಕಿತ್ತೆಸೆದಿದ್ದ ಕವರನ್ನು ನೆಲದಿಂದ ಎತ್ತಿಕೊಂಡ.

ಹಸುವಿನ ವಿಷಯ ಮಾವನೇ ಎತ್ತಿದರು. ಇಷ್ಟು ವರ್ಷ ದುಡಿದ ಗಾಡಿಯನ್ನು ರಾಹುಕಾಲ ಕಳೆಯುವುದರೊಳಗೆ ಗುಜರಿಗೆ ಬಿಟ್ಟುಕೊಟ್ಟವರು, ನಾಳೆ ಹಾಲು ಬತ್ತಿದ ಹಸುವನ್ನು ಏನು ಮಾಡಬಹುದೆಂದು ತಾನು ಕಣ್ಣು ಮುಚ್ಚಿಯೇ ಹೇಳಬಲ್ಲೆ ಎಂದರು. ಹಸು ಶಿವರಾಜುವಿನ ಮನೆಗೆ ಹೋಯಿತು. ಆಮೇಲೆ ಅವರು ಶಿವಣ್ಣನ ಹತ್ತಿರ ಸ್ಪ್ಯಾನರ್ ಕೇಳಿ ಇಸಿದುಕೊಂಡರು.

"ಇದನ್ನ ಕೊಟ್ಟ ಮ್ಯಾಲೆ ನಂಗೆ ಒಗ್ಗೋ ಸೀಟೇ ಸಿಕ್ಕಿರ್ನಿಲ್ಲ ಅಳಿಯಂದ್ರೇ. ಗಾಡಿ ನಿಮ್ದು, ಸೀಟು ನಂದು" ಎಂದು ಬಿಚ್ಚಿ, ಕೈಚೀಲದೊಳಗೆ ಇಳಿಸಿ, ಬಸ್ಸಿಗೆ ಹೊತ್ತಾಯಿತೆಂದು ಹೊರಟೇಬಿಟ್ಟರು.

ಗುರುಮಲ್ಲಪ್ಪನ ಕೈಯಲ್ಲಿ ಉಳಿದದ್ದು ಕೆಂಪು ವೆಲ್ವೆಟ್ ಕವರು. ಭಾನುವಾರವೆಲ್ಲ ಅವನು ನಂಜನಗೂಡಿನ ಅಂಗಡಿಗಳಲ್ಲಿದ್ದ ಸೀಟುಗಳ ಮೇಲೆ ಒಂದೊಂದಾಗಿ ಕೂತು ನೋಡಿದ. ಒಂದನ್ನೂ ಮೈ ಒಪ್ಪಲಿಲ್ಲ.

ಸೋಮವಾರ ಬದನವಾಳಿನ ಮರದ ಕೆಳಗೆ ಕೂತಿದ್ದ ಹೆಂಗಸರು, ಮೀಟರ್ ಸಾಹೇಬರು ಹಸಿರು ಸೈಕಲ್ಲಿನ ಮೇಲೆ ನೆಟ್ಟಗೆ ನಿಂತುಕೊಂಡು ತುಳಿಯುತ್ತಾ ಬರುವುದನ್ನು ಕಂಡು ಕೈಯಲ್ಲಿದ್ದ ತುತ್ತನ್ನು ಅಲ್ಲೇ ಬಿಟ್ಟರು. ಸೀಟಿರಬೇಕಾದ ಕಡೆ ಒಂದು ಕೊಳವೆ ಮೇಲಕ್ಕೆ ಚಾಚಿತ್ತು, ಅದಕ್ಕೆ ಕೆಂಪು ಕವರು ಕಟ್ಟಿತ್ತು.

"ಯಾಕ್ ಸಾ, ಕೂರಕಿಲ್ವಾ?" ಎಂದು ಆ ಮುದುಕಿಯೇ ಕೇಳಿದಳು.

"ಮೌಂಟನ್ ಬೈಕಲ್ಲಿ ಕೂರಂಗಿಲ್ಲ ಕಣವ್ವ, ನಿಂತೇ ತುಳೀಬೇಕು" ಎಂದ ಗುರುಮಲ್ಲಪ್ಪ, ಏದುಸಿರು ಬಿಡುತ್ತಾ.

ಅಷ್ಟರಲ್ಲಿ ಚೈನು ಕಳಚಿತು.