ಪಾಯಾ ಇಲ್ಲದ ಸಿ.ಎ.

ನನ್ನ ಸೋದರಮಾವನಿಗೆ ನೆಲದ ಮೇಲೆ ಕಾಣುವ ಯಾವುದರಲ್ಲೂ ನಂಬಿಕೆಯಿಲ್ಲ. ನಾನು ಹೇಳುತ್ತಿರುವುದು ದೇವರ ವಿಷಯವಲ್ಲ, ಗೋಡೆಯ ವಿಷಯ! ಮಾವ ಗೌಂಡಿ. ಬೈಲಹೊಂಗಲ, ಕಿತ್ತೂರು, ಸವದತ್ತಿಯ ಸುತ್ತ ಅವನು ಕಟ್ಟಿದ ಮನೆಗಳು ಬೇಕಾದಷ್ಟಿವೆ. ಅವುಗಳ ಬಣ್ಣ, ಬಾಗಿಲು, ಟೈಲ್ಸ್ ಯಾವುದೂ ಅವನಿಗೆ ನೆನಪಿಲ್ಲ. ಪಾಯಾ ಎಷ್ಟು ಫೂಟು ಅಗೆದಿದ್ದೆ ಎಂದು ಕೇಳಿ ನೋಡಿ, ಊಟ ಬಿಟ್ಟು ಹೇಳುತ್ತಾನೆ. ನಮ್ಮ ಕಡೆಯದು ಎರೆಮಣ್ಣು. ಮಳೆಗೆ ಉಬ್ಬುತ್ತದೆ, ಬೇಸಿಗೆಗೆ ಬಿರಿಯುತ್ತದೆ. ಅದರ ಕೆಳಗಿನ ಗಟ್ಟಿ ಕಲ್ಲುಮಣ್ಣು, ಅದೇ ಗರಸು, ಸಿಗುವವರೆಗೆ ಅಗೆಯದೆ ಕಟ್ಟಿದರೆ ಎರಡೇ ವರ್ಷದಲ್ಲಿ ಗೋಡೆ ಬಾಯಿ ಬಿಡುತ್ತದೆ. ಮಾವನ ಜ್ಞಾನ ಇಷ್ಟು, ವೇದಾಂತವೂ ಇಷ್ಟೇ.

ಯಾರ ಮನೆಗೆ ಹೋದರೂ ಕೂಡುವ ಮುಂಚೆ ಹಿಮ್ಮಡಿಯಿಂದ ನೆಲಕ್ಕೆ ಎರಡು ಸಲ ಗುದ್ದುತ್ತಾನೆ. ಧಪ್, ಧಪ್. ಸದ್ದು ಮನಸ್ಸಿಗೆ ಬಂದರೆ ಕೂಡುತ್ತಾನೆ. ಇಲ್ಲದಿದ್ದರೆ ನಿಂತೇ ಚಹಾ ಕುಡಿದು ಬರುತ್ತಾನೆ!

ಮನೆ ಕಟ್ಟಿ ನೋಡು, ಮದುವೆ ಮಾಡಿ ನೋಡು ಎನ್ನುತ್ತಾರಲ್ಲ, ಮಾವ ಮನೆ ಕಟ್ಟಬಲ್ಲ. ಮದುವೆಗೆ ಮಾತ್ರ ಅವನನ್ನು ಕರೆದೊಯ್ಯಬಾರದು. ನನ್ನ ಅಕ್ಕನಿಗೆ ಕಟಕೋಳದ ಒಂದು ಸಂಬಂಧ ಬಂದಾಗ ಕರೆದೊಯ್ದೆವು. ಎಲ್ಲರೂ ಹುಡುಗನನ್ನು ನೋಡಿದರೆ ಇವನು ಪಡಸಾಲೆಯ ಮೂಲೆ ನೋಡಿದ. ಅವಲಕ್ಕಿಯ ಪ್ಲೇಟು ಕೈಗೆ ಬರುತ್ತಲೇ, “ಎಲ್ಲಾ ಛಲೋ ಐತ್ರಿ, ಆದ್ರ ಪಾಯಾನ ಸರಿ ಇಲ್ಲ” ಎಂದುಬಿಟ್ಟ.

ಹುಡುಗನ ಅಜ್ಜಿ ಎದ್ದೇಬಿಟ್ಟಳು. “ಏನಂದಿ? ನಮ್ಮ ಮನಿತನಕ್ಕ ಪಾಯಾ ಇಲ್ಲಂತೀ?”

ಅಪ್ಪ ಕೈಮುಗಿದರು. ಮಾವ ನಿಶ್ಚಿಂತೆಯಿಂದ ಕಪಾಟು ಸರಿಸಿ, ಅದರ ಹಿಂದಿನ ಗೋಡೆಯಲ್ಲಿದ್ದ ಬೆರಳು ಹೋಗುವಷ್ಟು ದೊಡ್ಡ ಬಿರುಕು ತೋರಿಸಿದ. ಮದುವೆಯೇನೋ ಆಯಿತು. ಆ ಮೂಲೆಯನ್ನು ಬಿಟ್ಟಿ ರಿಪೇರಿ ಮಾಡಿಕೊಟ್ಟದ್ದು ಮಾವನ ಉಡುಗೊರೆ.

ಇಂಥವನ ಕಿವಿಗೆ ‘ಫೌಂಡೇಶನ್’ ಎಂಬ ಶಬ್ದ ಬಿದ್ದರೆ ಏನಾಗಬೇಡ ಹೇಳಿ!

ನನಗೆ ಸಿ.ಎ. ಆಗಬೇಕಿತ್ತು. ಹೆಸರಿನ ಮುಂದೆ ಆ ಎರಡು ಅಕ್ಷರ ಬೇಕೆಂದು ಪಿ.ಯು.ಸಿ. ಸೇರಿದ ದಿನದಿಂದ ಆಸೆ. ಪರೀಕ್ಷೆ ಮುಗಿದ ಮೇಲೆ ಕಾಲೇಜಿನಲ್ಲಿ ‘ಮುಂದೇನು?’ ಎಂಬ ಭಾಷಣವಿತ್ತು, ಪಾಲಕರೂ ಬರಬೇಕಿತ್ತು. ಅಪ್ಪನಿಗೆ ಬಟ್ಟೆ ಅಂಗಡಿಯ ಕೆಲಸದಿಂದ ರಜೆ ಸಿಗಲಿಲ್ಲ. ಹೀಗಾಗಿ ಸಿಮೆಂಟು ಮೆತ್ತಿದ ಚಪ್ಪಲಿಯಲ್ಲಿ ಮಾವ ಬಂದ.

ಭಾಷಣಕ್ಕೆ ಬಂದವರು ವಿವರಿಸಿದರು. ಸಿ.ಎ.ಗೆ ಎರಡು ದಾರಿ. ಈಗಲೇ ಫೌಂಡೇಶನ್ ಪರೀಕ್ಷೆ ಬರೆದು ಇಂಟರ್ಮೀಡಿಯೆಟ್‌ಗೆ ಹೋಗುವುದು ಒಂದು. ಬಿ.ಕಾಂ. ಮುಗಿಸಿ, ಒಳ್ಳೆಯ ಮಾರ್ಕ್ಸ್ ಇದ್ದರೆ ಫೌಂಡೇಶನ್ ಬಿಟ್ಟು ನೇರ ಇಂಟರ್ಮೀಡಿಯೆಟ್‌ಗೆ ಹೋಗುವುದು ಇನ್ನೊಂದು. ಕೊನೆಗೆ ಫೈನಲ್ ಎರಡಕ್ಕೂ ಒಂದೇ.

ಮಾವ ಎದ್ದು ನಿಂತ. “ಸರ, ಆ ಫೌಂಡೇಶನ್ ಇಲ್ಲದ್ದು ಎಷ್ಟ ವರ್ಷ ನಿಂದ್ರತೈತ್ರಿ?”

“ಕಾಕಾ, ಇದು ಮನಿ ಅಲ್ಲರೀ. ಕೋರ್ಸು.”

“ಎಲ್ಲಾರೂ ಮೊದಲ ಹಂಗ ಅಂತಾರ್ರಿ!”

ಸಭೆಯಲ್ಲಿ ನಗು. ನಾನು ಬೆಂಚಿನ ಕೆಳಗೆ ಬಿದ್ದ ಪೆನ್ನು ಹುಡುಕತೊಡಗಿದೆ. ಪೆನ್ನು ಬಿದ್ದಿರಲಿಲ್ಲ.

ಆ ಸಂಜೆ ನಮ್ಮ ಮನೆಯಲ್ಲಿ ಜಗಳ. ಅಪ್ಪನದು ನೇರ ದಾರಿ: ಡಿಗ್ರಿ ಕೈಯಲ್ಲಿರುತ್ತದೆ, ಸಿ.ಎ. ಹೋದರೆ ಹೋಗಲಿ, ಬಂದರೆ ಬರಲಿ. ಮಾತಿನಲ್ಲಿ ಅರ್ಥವಿತ್ತು. ಮಾವ ಕೇಳಬೇಕಲ್ಲ! “ಭಾವಾರ, ನೇರ ಮಾಳಗಿಗೆ ನಿಚ್ಚಣಿಕಿ ಹಚ್ಚತೇನಿ ಅಂತೀರಲ್ಲ, ಕೆಳಗ ಮನಿ ಎಲ್ಲೈತ್ರಿ?” ಎಂದ. ಕೊನೆಗೆ ನಾನೇ ಒಂದು ತೀರ್ಮಾನಕ್ಕೆ ಬಂದೆ: ಬಿ.ಕಾಂ.ಗೂ ಸೇರುವುದು, ಫೌಂಡೇಶನ್ ಕೂಡ ಬರೆಯುವುದು. ಇಬ್ಬರೂ ತಾವೇ ಗೆದ್ದೆವೆಂದುಕೊಂಡರು.

ಹಾಲ್ ಟಿಕೆಟ್ ಬಂದ ದಿನ ಮಾವ ಅದರದೊಂದು ಝೆರಾಕ್ಸ್ ಕೇಳಿದ. ಚಹಾದಂಗಡಿಯಲ್ಲಿ ತೋರಿಸಿ ಮೆರೆಯಲು ಇರಬೇಕೆಂದು ಕೊಟ್ಟೆ.

ನಪಾಸಾದೆ. ಲೆಕ್ಕ, ಸಂಖ್ಯಾಶಾಸ್ತ್ರದ ಪೇಪರು ಕೈಕೊಟ್ಟಿತು. ಮಾವನ ಫೋನು ಬಂತು.

“ಗರಸ ಹತ್ತಿತೇನ ಯವ್ವಾ?”

“ಇಲ್ಲ ಮಾಮಾ. ನಲವತ್ತು ಬೇಕಿತ್ತು, ಮೂವತ್ತೊಂದ ಬಂದತಿ.”

“ಹಂಗಾರ ಒಂಬತ್ತ ಫೂಟ ಉಳದತಿ. ಅಗಿ!”

ಎರಡನೆಯ ಸಲವೂ ಝೆರಾಕ್ಸ್ ಒಯ್ದ. ಮೂವತ್ತಾರು ಬಂತು. “ಐದ ಫೂಟ ಇಳದಿ ನೋಡು!” ಎಂದು ಅವನು ಫೋನಿನಲ್ಲಿ ಹಿಗ್ಗುತ್ತಿದ್ದರೆ ಈ ಕಡೆ ನಾನು ಪುಸ್ತಕಗಳನ್ನು ಗಂಟು ಕಟ್ಟುತ್ತಿದ್ದೆ. ಮೊದಲ ಮೆಟ್ಟಿಲೇ ಹತ್ತದವಳು ಫೈನಲ್ ಮುಗಿಸುವುದುಂಟೇ? ಅಪ್ಪ ಮೆಲ್ಲಗೆ, “ಸಾಕ ಬಿಡವ್ವಾ, ಬಿ.ಕಾಂ. ಮುಗಸು, ಮುಂದ ನೋಡೂಣು” ಎಂದರು. ‘ಮುಂದೆ’ ಎಂದರೆ ಏನೆಂದು ನನಗೆ ಗೊತ್ತಿತ್ತು. ಈಗ ಬಿಟ್ಟರೆ ನೇರ ದಾರಿಯನ್ನೂ ನಾನು ತುಳಿಯುವವಳಲ್ಲ. ಸಿ.ಎ. ಎಂಬ ಆಸೆಗೇ ಅಲ್ಲಿಗೆ ಮಂಗಳ.

ಮಾವನಿಗೆ ಎದುರಿಗೇ ಹೇಳಿಬಿಡೋಣವೆಂದು ಸವದತ್ತಿಗೆ ಹೋದೆ. ಅಲ್ಲಿ ತಾನು ಕಟ್ಟುತ್ತಿದ್ದ ಗೋಡೆಯ ನೆರಳಿನಲ್ಲಿ ಊಟಕ್ಕೆ ಕೂತಿದ್ದ. ಬುತ್ತಿ ತಂದ ಅತ್ತೆಯೂ ಇದ್ದಳು.

“ಮಾಮಾ, ನಾ ಇನ್ನ ಫೌಂಡೇಶನ್ ಬರ್ಯೂದಿಲ್ಲ.”

“ಬ್ಯಾಡ ಬಿಡು” ಎಂದು ರೊಟ್ಟಿ ಮುರಿದ.

ದಾರಿಯುದ್ದಕ್ಕೂ ಅವನ ವಾದಗಳಿಗೆಲ್ಲ ಉತ್ತರ ಕಟ್ಟಿಕೊಂಡು ಬಂದಿದ್ದೆ, ಎಲ್ಲ ದಂಡವಾಯಿತು!

“ಆದ್ರ ಒಂದ ತ್ರಾಸ ಆತಲ್ಲ ಯವ್ವಾ. ರಾಮದುರ್ಗದಾಗ ಹೊಸಾ ಮನಿ ಕೆಲಸ ಹಿಡದೀನಿ. ಅದಕ್ಕ ನಿನ್ನ ಝೆರಾಕ್ಸ ಬೇಕಿತ್ತು.”

“ಮನಿಗೆ ನನ್ನ ಝೆರಾಕ್ಸ ಯಾಕ?”

ಅತ್ತೆ ನಕ್ಕಳು. “ಪಾಯಾ ಪೂಜಿಗೆ ಮೂಲ್ಯಾಗ ನವಧಾನ್ಯ, ತಾಮ್ರದ ಬಿಲ್ಲಿ ಇಡತಾರಲ್ಲ, ಅದರ ಬಾಜೂಕ ನಿನ್ನ ಹಾಲ್ ಟಿಕೆಟ್ ಪ್ಲಾಸ್ಟಿಕ್‌ನ್ಯಾಗ ಸುತ್ತಿ ಇಡತಾರವ್ವಾ ನಿಮ್ಮ ಮಾಮಾ. ಮೊದಲಿಂದು ಸಂಪಗಾಂವದಾಗ, ಹ್ವಾದ ಸಲದ್ದು ಕಿತ್ತೂರಾಗ.”

ನನಗೆ ನಗಬೇಕೋ ಅಳಬೇಕೋ ತಿಳಿಯಲಿಲ್ಲ. “ಆ ಎರಡೂ ಸಲ ನಪಾಸ ಆದ್ನಲ್ಲ ಮಾಮಾ! ಆ ಮನಿಗೋಳ ಗತಿ?”

“ಮನಿಗೇನ ಆಗೇತಿ? ಒಂದ ಕೂದಲೆಳಿ ಬಿರಕ ಬಿಟ್ಟಿಲ್ಲ. ಎರಡ ಸಂಸಾರ ನಿನ್ನ ಹೆಸರಿನ ಮ್ಯಾಲ ಆರಾಮ ಮಲಗತಾವು. ನಪಾಸ ಅಂತ ಮಣ್ಣಿಗೇನ ಗೊತ್ತು?”

ಕಣ್ಣಲ್ಲಿ ನೀರು ತುಂಬಿತು. ಚಟ್ನಿ ಖಾರ ಎಂದೆ. ನಾನಿನ್ನೂ ಚಟ್ನಿ ಮುಟ್ಟಿರಲಿಲ್ಲ. ಅತ್ತೆ ಸುಮ್ಮನೆ ನೀರು ಕೊಟ್ಟಳು. ಬೈಲಹೊಂಗಲಕ್ಕೆ ಮರಳಿದವಳೇ ಮೂರನೆಯ ಸಲ ಅರ್ಜಿ ತುಂಬಿದೆ. ರಾಮದುರ್ಗದ ಮನೆಯವರು ಪಾಯಾ ಪೂಜೆಗೆ ಹದಿನೈದು ದಿನ ಕಾದರಂತೆ, ಯಾತಕ್ಕೆಂದು ಅವರಿಗೆ ಇಂದಿಗೂ ಗೊತ್ತಿಲ್ಲ.

ಈಗ ನಾನು ಇಂಟರ್ಮೀಡಿಯೆಟ್‌ಗೆ ಓದುತ್ತಿದ್ದೇನೆ. ಮಾವನ ಭಾಷೆಯಲ್ಲಿ ಗೋಡೆಗಳು ಎದ್ದಿವೆ. ಬಿ.ಕಾಂ. ಮುಗಿಸಿ ನೇರ ದಾರಿಯಲ್ಲಿ ಬಂದ ಗೆಳತಿಯೊಬ್ಬಳು ನನ್ನ ಪಕ್ಕದಲ್ಲೇ ಕೂಡುತ್ತಾಳೆ, ನನಗಿಂತ ಚೆನ್ನಾಗಿಯೇ ಓದುತ್ತಾಳೆ. ದಯವಿಟ್ಟು ಇದನ್ನು ಮಾವನಿಗೆ ಹೇಳಬೇಡಿ!

ಆ ಮೂರನೆಯ ಫಲಿತಾಂಶದ ದಿನ ಅವನ ಫೋನಿಗೆ ಕಾಯದೆ ನಾನೇ ಮಾಡಿದೆ. ನಲವತ್ತೇಳು ಬಂದಿತ್ತು.

“ಮಾಮಾ, ಗರಸ ಹತ್ತಿತು.”

ಲೈನು ಹೋಯಿತೇನೋ ಎಂದು “ಹಲೋ, ಹಲೋ” ಎಂದೆ. ಆಮೇಲೆ ಕೇಳಿಸಿತು, ಹಿಮ್ಮಡಿಯಿಂದ ನೆಲಕ್ಕೆ ಎರಡು ಸಲ.

ಧಪ್, ಧಪ್.