ಸಂಬಂಧಪಟ್ಟವರು

ಅಮೋಘಸಿದ್ಧನ ಆ ದಿನದ ಫಜೀತಿಗೆಲ್ಲ ಕಾರಣ ಮೂರು ಸಾಲಿನ ಒಂದು ಪತ್ರ. ಅಂಚೆಯವನು ತಂದುಕೊಟ್ಟಿದ್ದರೆ ಅದನ್ನು ಮಡಚಿ ಕಿಸೆಯಲ್ಲಿಟ್ಟುಕೊಂಡು, ನಾಲ್ಕು ಸಲ ತೆಗೆದು ನೋಡಿ, ಐದನೆಯ ಸಲಕ್ಕೆ ಮರೆತುಬಿಡುತ್ತಿದ್ದ. ಆದರೆ ಪತ್ರ ಬಂದದ್ದು ಕಂಪ್ಯೂಟರಿಗೆ. ಅದನ್ನು ಕಾಗದಕ್ಕೆ ಇಳಿಸಿಕೊಂಡು, ಬೆಳಿಗ್ಗೆ ಎಂಟು ಗಂಟೆಗೆ ಇಡೀ ಓಣಿ ನೋಡುವಂತೆ ಓಡಿ ಬಂದವಳು ಎದುರು ಮನೆಯ ಫಕ್ರುದ್ದೀನನ ಮಗಳು ಮೆಹರಾಜ.

"ಕಾಕಾ, ನಿಮ್ಮ ಪುಟ ನೋಡಿ ಸೊಲ್ಲಾಪುರದಿಂದ ಒಬ್ಬರು ಬರಾಕತ್ತಾರ. ಇವತ್ತೇ," ಎಂದಳು. ಎರಡು ದಿನದಿಂದ ಟೆಲಿಫೋನ್ ಲೈನು ಸತ್ತು ಬಿದ್ದಿತ್ತಂತೆ. ಪತ್ರ ಮೊನ್ನೆಯದು, ಅವಳ ಕಣ್ಣಿಗೆ ಬಿದ್ದದ್ದು ಈಗ.

ಅಮೋಘಸಿದ್ಧ ವಿಜಾಪುರ ಕಡೆಯ ಇಂಡಿ ಎಂಬ ಊರಲ್ಲಿ ಲಿಂಬಿ ಉಪ್ಪಿನಕಾಯಿ ಮಾರುವವನು. ಇಷ್ಟು ಹೇಳಿದರೆ ಅವನ ಕಷ್ಟವನ್ನೆಲ್ಲ ಹೇಳಿದಂತೆ. ಊರ ಸುತ್ತ ಎಲ್ಲಿ ನೋಡಿದರೂ ಲಿಂಬಿ ತೋಟ, ಪ್ರತಿ ಮನೆಯಲ್ಲೂ ಒಂದು ಉಪ್ಪಿನಕಾಯಿ ಬರಣಿ, ಪ್ರತಿ ಬರಣಿಯ ಹಿಂದೆ ತನ್ನ ಕೈರುಚಿಯೇ ಹೆಚ್ಚೆಂದು ನಂಬಿದ ಒಬ್ಬ ಹೆಂಗಸು. ಅಂಥ ಊರಲ್ಲಿ ಅವನ ವ್ಯಾಪಾರ ಅತ್ತೆಮನೆಯಲ್ಲಿ ಬೇರೂರಿದ ಅಳಿಯನ ಹಾಗಿತ್ತು. ಎಲ್ಲರೂ ಬಾ ಅನ್ನುತ್ತಿದ್ದರು, ಯಾರೂ ಬೇಕು ಅನ್ನುತ್ತಿರಲಿಲ್ಲ. ಸಿಂದಗಿ, ಮುದ್ದೇಬಿಹಾಳದ ಅಂಗಡಿಯವರು ಮುಖ ನೋಡಿ ಹತ್ತಿಪ್ಪತ್ತು ಬಾಟಲಿ ಇಟ್ಟುಕೊಂಡು, ಅವನು ಬೆನ್ನು ತಿರುಗಿಸಿದ ಕೂಡಲೇ ಬಟ್ಟೆ ಸಾಬೂನಿನ ಹಿಂದಕ್ಕೆ ಸರಿಸಿಬಿಡುತ್ತಿದ್ದರು.

ಹೋದ ವರ್ಷ, ಅಂದರೆ ಎರಡು ಸಾವಿರದ ಮೂರರಲ್ಲಿ, ವಿಜಾಪುರದಲ್ಲಿ ಸಣ್ಣ ವ್ಯಾಪಾರಿಗಳಿಗೆಂದು ಒಂದು ದಿನದ ಶಿಬಿರ ನಡೆದಿತ್ತು. ಟೈ ಕಟ್ಟಿದ ತರಬೇತುದಾರರೊಬ್ಬರು ಬೆಳಗಿನಿಂದ ಸಂಜೆಯವರೆಗೆ ನಿಂತೇ ಮಾತಾಡಿದರು. ನನ್ನದು ಸಣ್ಣ ಧಂದೆ ಅನ್ನಬೇಡಿ, ನಮ್ಮ ಕಂಪನಿ ಅನ್ನಿ. ಎದೆ ಮುಂದೆ ಮಾಡಿ ನಡೆಯಿರಿ. ಇನ್ನು ಮುಂದೆ ಕಂಪ್ಯೂಟರಿನಲ್ಲಿ ಕಾಣದವನು ಲೋಕದಲ್ಲೇ ಇಲ್ಲವೆಂದು ತಿಳಿಯಿರಿ ಎಂದರು. ಹೋಗುವಾಗ ಬಸ್ಸಿನ ಬಾಗಿಲ ಬಳಿ ಜೋತಾಡುತ್ತ ಹೋದ ಅಮೋಘಸಿದ್ಧ, ಬರುವಾಗ ಡ್ರೈವರನ ಹಿಂದಿನ ಸೀಟಿಗೆ ಟವೆಲ್ಲು ಒಗೆದು ಕೂತು ಬಂದ. ಮನೆಗೆ ಬಂದವನೇ ಇನ್ನು ಮೇಲೆ ನಮ್ಮದು ಕಂಪನಿ ಎಂದು ಹೆಂಡತಿಗೆ ತಿಳಿಸಿದ. "ಕಂಪನ್ಯಾಗ ಉಪ್ಪು ತೀರೈತಿ, ತರ್ರಿ," ಎಂದಳು ಸೀತವ್ವ.

ಕಂಪ್ಯೂಟರಿನಲ್ಲಿ ಕಾಣಿಸುವ ಕೆಲಸ ಮೆಹರಾಜಳ ಪಾಲಿಗೆ ಬಂತು. ಅವಳು ಬಿ.ಕಾಂ. ಮುಗಿಸಿ, ಮನೆಯ ಮುಂಗೋಣೆಯಲ್ಲಿ ಎರಡು ಕಂಪ್ಯೂಟರ್ ಇಟ್ಟುಕೊಂಡು ಅರ್ಜಿ ಟೈಪು ಮಾಡಿಕೊಡುತ್ತಿದ್ದಳು. ಮದುವೆಗಳಿಗೆ ಪೆಂಡಾಲು, ಕುರ್ಚಿ ಬಾಡಿಗೆಗೆ ಕೊಡುವ ಫಕ್ರುದ್ದೀನನಿಗೆ ಆ ಕೋಣೆಯ ಮೇಲೆಯೇ ಕಣ್ಣು. ಲಗ್ನದ ಸೀಸನ್ನಿನೊಳಗೆ ಈ ಪೆಟ್ಟಿಗೆಗಳು ದುಡಿಯದಿದ್ದರೆ ಕೋಣೆ ಖಾಲಿ ಮಾಡು, ಹೊಸ ಕುರ್ಚಿ ಇಡಬೇಕು ಎಂದು ಮಗಳಿಗೆ ಹೇಳಿಬಿಟ್ಟಿದ್ದ. ಕುರ್ಚಿಯ ಮೇಲೆ ಊರೆಲ್ಲ ಕೂರುತ್ತದೆ, ಕಂಪ್ಯೂಟರಿನ ಮುಂದೆ ಮಗಳೊಬ್ಬಳೇ ಕೂರುತ್ತಾಳೆ ಎಂಬುದು ಅವನ ವಾದ. ಮೆಹರಾಜ ಎದುರಾಡಲಿಲ್ಲ. ಒಂದು ತಿಂಗಳ ಮಧ್ಯಾಹ್ನಗಳನ್ನೆಲ್ಲ ಕೊಟ್ಟು ಇಂಟರ್ನೆಟ್ಟಿನಲ್ಲಿ ಉಪ್ಪಿನಕಾಯಿಯ ಪುಟ ಮಾಡಿದಳು. ಅಡ್ಡ ಕೊಯ್ದ ಲಿಂಬಿಕಾಯಿ, ಅದರ ಅಂಚಿನಿಂದ ಇಳಿಯುತ್ತಿರುವ ಕೆಂಪು ಎಣ್ಣೆ. ಮೌಸು ತಾಗಿಸಿದರೆ ಬರಣಿಯ ಮುಚ್ಚಳ ತಾನೇ ತೆರೆಯುತ್ತಿತ್ತು. ಮೊದಲ ಸಲ ನೋಡಿದಾಗ ಅಮೋಘಸಿದ್ಧ ಮೂಗನ್ನು ಪರದೆಯ ಹತ್ತಿರ ಒಯ್ದು ವಾಸನೆ ನೋಡಿದ್ದ.

ಪತ್ರ ಇಂಗ್ಲಿಷಿನಲ್ಲಿತ್ತು. ಮೆಹರಾಜ ಅರ್ಥ ಹೇಳುವಷ್ಟರಲ್ಲಿ ಪಕ್ಕದ ಮನೆಯ ಶಂಕರೆಪ್ಪ ಮಾಸ್ತರರು ಕನ್ನಡಕ ಹಾಕಿಕೊಂಡು ಬಂದು ಕಾಗದ ಕಸಿದುಕೊಂಡರು. ನಾಲತವಾಡದ ಸಾಲೆಯಿಂದ ನಿವೃತ್ತರಾದ ಮೇಲೆ ಓಣಿಗೆ ಬರುವ ಇಂಗ್ಲಿಷೆಲ್ಲ ಅವರ ಕೈ ದಾಟಿಯೇ ಮುಂದೆ ಹೋಗಬೇಕಿತ್ತು. ನಿಮ್ಮದನ್ನು ನೋಡಿ ಬಹಳ ಮೆಚ್ಚಿದೆ, ವ್ಯವಹಾರ ಮಾತಾಡಲು ಗುರುವಾರ ಹನ್ನೊಂದಕ್ಕೆ ಬರುತ್ತೇನೆ, ಸಂಬಂಧಪಟ್ಟವರನ್ನು ಕಾಣಬೇಕು ಎಂದು ಓದಿದರು. ಸಹಿ ಚೇತನಕುಮಾರ ಎಂದಿತ್ತು.

"ಸಂಬಂಧಪಟ್ಟವರು ಅಂದ್ರ ಯಾರ್ರಿ?" ಅಮೋಘಸಿದ್ಧ ಕೇಳಿದ.

"ಮಾಲಕ. ಅಂದ್ರ ನೀನೇ," ಎಂದರು ಮಾಸ್ತರರು. ಬಹಳ ಮೆಚ್ಚಿದೆ ಎಂದು ಬರೆದವನು ಎರಡು ಲಾರಿಗಿಂತ ಕಡಿಮೆ ಒಯ್ಯುವುದಿಲ್ಲ ಎಂಬುದನ್ನೂ ತಾವೇ ಸೇರಿಸಿದರು. ಸುದ್ದಿ ಓಣಿಯ ಬಾಯಿಗೆ ಹೋಗುವಷ್ಟರಲ್ಲಿ ಲಾರಿಗಳು ಐದಾದವು. ಬಸ್‌ಸ್ಟ್ಯಾಂಡು ಮುಟ್ಟುವಷ್ಟರಲ್ಲಿ ಉಪ್ಪಿನಕಾಯಿ ಹಡಗು ಹತ್ತಿ ದುಬೈಗೆ ಹೊರಟಿತ್ತು.

ಅಲ್ಲಿಂದ ಮುಂದಿನ ಮೂರು ತಾಸು ಅಮೋಘಸಿದ್ಧನ ಮನೆ ಅವನ ಕೈಯಲ್ಲಿರಲಿಲ್ಲ. ದೊಡ್ಡ ಪಾರ್ಟಿ ಬಂದಾಗ ಅಂಗಳ ಬೋಳಾಗಿರಬಾರದೆಂದು ಫಕ್ರುದ್ದೀನ ಪೆಂಡಾಲು ಹೊಡೆದು ಐವತ್ತು ಕುರ್ಚಿ ಹಾಕಿದ. ಪೆಂಡಾಲಿನ ಮುಂಭಾಗದ ಅರಿವೆಗೆ 'ಶುಭ ವಿವಾಹ' ಎಂದು ಜರಿಯಲ್ಲಿ ಹೊಲಿದಿತ್ತು. ಅದನ್ನು ಬಿಚ್ಚಿದರೆ ಪೆಂಡಾಲೇ ಕೆಳಗೆ ಬರುತ್ತದೆ ಎಂದ. ಸ್ವಲ್ಪ ಹೊತ್ತಿಗೆ ಹಿಂದಿನ ಓಣಿಯ ಹೊನ್ನವ್ವ ಮುದುಕಿ ಇಳಕಲ್ ಸೀರೆ ಉಟ್ಟುಕೊಂಡು ಬಂದು ಮೊದಲ ಸಾಲಿನಲ್ಲಿ ಕೂತಳು. ಇಲ್ಲಿ ಯಾರ ಮದುವೆಯೂ ಇಲ್ಲವೆಂದು ಹೇಳಿದರೆ, ಊಟಕ್ಕೆ ತಡವಾದರೂ ಅಡ್ಡಿಯಿಲ್ಲ ಎಂದಳು.

ಕಂಪನಿ ಅಂದ ಮೇಲೆ ಕೆಲಸಗಾರರು ಕಾಣಬೇಕೆಂದು ಮಾಸ್ತರರು ಓಣಿಯ ಹೆಂಗಸರನ್ನು ಕರೆಸಿ, ಉಪ್ಪಿನಕಾಯಿಯ ದೊಡ್ಡ ಡ್ರಮ್ಮಿನ ಸುತ್ತ ಸಾಲಾಗಿ ಕೂರಿಸಿದರು. ಸುಮ್ಮನೆ ಕೂರಿರಿ ಎಂದು ಹೇಳಿದ್ದೇನೋ ನಿಜ. ಆದರೆ ತೆರೆದ ಡ್ರಮ್ಮಿನ ಮುಂದೆ ಇಂಡಿಯ ಹೆಂಗಸು ಸುಮ್ಮನೆ ಕೂರುವುದೆಂದರೆ ಮಾತೇ. ಮೊದಲನೆಯವಳು ಬೆರಳು ಅದ್ದಿ ನೆಕ್ಕಿ, ಉಪ್ಪು ಸಪ್ಪೆ ಎಂದು ಒಂದು ಹಿಡಿ ಹಾಕಿದಳು. ಅವಳು ಆಚೆ ತಿರುಗಿದಾಗ ಎರಡನೆಯವಳು ಹಾಕಿದಳು. ಮೂರನೆಯವಳು ರುಚಿಯನ್ನೂ ನೋಡಲಿಲ್ಲ, ನೋಡಿದರೇ ಗೊತ್ತಾಗುತ್ತದೆಂದು ಹಾಕಿದಳು. ಸೀತವ್ವ ಅತಿಥಿಗೆಂದು ಒಳಗೆ ಉಪ್ಪಿಟ್ಟು ತಿರುವುತ್ತಿದ್ದಳು. ಹೊರಗಿನ ಅನಾಹುತ ಅವಳಿಗೆ ತಿಳಿಯಲಿಲ್ಲ.

ಅಮೋಘಸಿದ್ಧನಿಗೆ ಮಾಸ್ತರರು ತಮ್ಮ ನಿವೃತ್ತಿಯ ದಿನದ ಕೋಟು ತೊಡಿಸಿದರು. ಮಾಸ್ತರರದು ಜೋಳದ ದಂಟಿನಂಥ ಮೈ, ಅಮೋಘಸಿದ್ಧನದು ಜೋಳದ ಚೀಲದಂಥದ್ದು. ಗುಂಡಿ ಹಾಕಿದ ಮೇಲೆ ಅವನ ಎರಡೂ ಕೈ ಮೈಯಿಂದ ಗೇಣು ದೂರ ನಿಂತವು, ಕೊಕ್ಕರೆ ಹಾರಲು ಹೊರಟಂತೆ. ಕೆಳಗೆ ನೋಡಲಾಗದು, ಬೆವರು ಒರೆಸಲಾಗದು, ಎದೆಯೊಂದು ಮಾತ್ರ ಶಿಬಿರದಲ್ಲಿ ಹೇಳಿದ ಹಾಗೆ ಮುಂದೆ ಬಂದಿತ್ತು.

ಹನ್ನೊಂದೂವರೆಗೆ ಬಿಳಿ ಕಾರು ಬಂತು. ಇಳಿದವನು ಮೂವತ್ತೈದರ ಆಸುಪಾಸಿನವ, ಕೈಯಲ್ಲೊಂದು ಫೈಲು. ಪೆಂಡಾಲಿನ ಮೇಲಿನ ಅಕ್ಷರ ಓದಿ, ಮನೆಯಲ್ಲಿ ಲಗ್ನವಿದೆ, ಇನ್ನೊಂದು ದಿನ ಬರುತ್ತೇನೆ ಎಂದು ಮತ್ತೆ ಕಾರಿನ ಬಾಗಿಲಿಗೆ ಕೈಹಾಕಿದ. ನಾಲ್ಕು ಜನ ಹಿಡಿದು ತಂದು ಕೂರಿಸಿದರು. ಮುಂದೆ ಉಪ್ಪಿಟ್ಟು ಬಂತು, ಪಕ್ಕದಲ್ಲಿ ಉಪ್ಪಿನಕಾಯಿ. ಚೇತನಕುಮಾರ ಒಂದು ಹೋಳು ಬಾಯಿಗಿಟ್ಟ. ಅವನ ಎರಡೂ ಕಣ್ಣು ಒಂದು ಸಲ ಮುಚ್ಚಿ ತೆರೆದವು. ಮೆಹರಾಜ ತಂದುಕೊಟ್ಟ ನೀರನ್ನು ಮೂರು ಲೋಟ ಕುಡಿದು, ನಾಲಿಗೆ ತಿರುಗುವಂತಾದ ಮೇಲೆ, ನಿಮ್ಮದನ್ನು ನೋಡಿದಾಗಿನಿಂದ ತಲೆಯಲ್ಲಿ ಬೇರೆ ಏನೂ ಇಲ್ಲ ಎಂದು ಮಾತು ತೆಗೆದ.

"ಮಾಡಾಕ ಎಷ್ಟ್ ದಿನಾ ಹಿಡೀತ್ರಿ?"

"ಇಪ್ಪತ್ತೊಂದು ದಿನಾ ಬೇಕ್ರಿ," ಎಂದ ಅಮೋಘಸಿದ್ಧ. "ಬಿಳಿ ಅರಿವಿ ಕಟ್ಟಿ ಬಿಸಿಲಿಗೆ ಇಡಬೇಕು."

"ಬಿಸಿಲಿಗೆ?"

"ಹೌದ್ರಿ. ದಿನಾ ಒಮ್ಮೆ ಕೈಯಾಡಿಸಬೇಕು. ಇಲ್ಲಂದ್ರ ಬೂಸ್ಟು ಹಿಡೀತೈತಿ."

ಚೇತನಕುಮಾರ ಮಾಸ್ತರರ ಮುಖ ನೋಡಿದ. ಮಾಸ್ತರರು ಗಂಭೀರವಾಗಿ ತಲೆಯಾಡಿಸಿದರು. ಇಂಡಿಯ ಕಡೆಯ ಪದ್ಧತಿ ಹೀಗೇ ಇರಬೇಕೆಂದು ಅವನು ಒಪ್ಪಿಕೊಂಡ. "ಇರಲಿ. ನಮಗೂ ಅಂಥಾದ್ದೇ ಒಂದು ಬೇಕಾಗಿತ್ರಿ."

"ಒಂದ್ಯಾಕ್ರಿ, ಸಾವಿರ ಒಯ್ರಿ."

"ಸಾವಿರ ತಗೊಂಡು ಏನ್ ಮಾಡ್ಲಿ? ಕಂಪನಿಗೆ ಒಂದು, ನಮ್ಮ ಡೀಲರ್ ಮಂದಿಗೆ ಹತ್ತು. ಹನ್ನೊಂದು ಸಾಕು."

ಲಾರಿಗಳನ್ನು ಎಣಿಸಿದ್ದ ಮಾಸ್ತರರಿಗೆ ಕೆಮ್ಮು ಬಂತು. ಹನ್ನೊಂದು ಬಾಟಲಿಗೆ ಸೊಲ್ಲಾಪುರದಿಂದ ಕಾರು ಬರುತ್ತದೆಯೇ? ಅಮೋಘಸಿದ್ಧ ಎದೆ ಇನ್ನಷ್ಟು ಮುಂದೆ ಮಾಡಿ, ಹನ್ನೊಂದು ಡ್ರಮ್ಮು ತಾನೇ ಎಂದು ಕೇಳಿದ. ಕೋಟಿನ ಒಂದು ಗುಂಡಿ ಹಾರಿ ಉಪ್ಪಿಟ್ಟಿನ ತಟ್ಟೆಯಲ್ಲಿ ಬಿತ್ತು.

"ಎಂಥಾ ಡ್ರಮ್ಮು?" ಎಂದ ಚೇತನಕುಮಾರ. "ನಾ ಕಂಪ್ಯೂಟರಿನಾಗಿನ ಪುಟದ ಬಗ್ಗೆ ಕೇಳಾಕತ್ತೇನಿ. ಅದನ್ನ ಮಾಡಿದವರನ್ನ ಕಾಣಾಕ ಬಂದೇನಿ."

ಅವನು ಫೈಲು ತೆರೆದು ವಿವರಿಸಿದ. ಸೊಲ್ಲಾಪುರದಲ್ಲಿ ಅವರದೂ ಉಪ್ಪಿನಕಾಯಿಯ ಕಾರಖಾನೆಯೇ. ತಂದೆಯ ಕಾಲದ್ದು, ಲಾರಿಗಳು ಮುಂಬಯಿಯವರೆಗೆ ಹೋಗುತ್ತವೆ, ಇವನು ಮಾತ್ರ ಮಾರಾಟ ನೋಡಿಕೊಂಡವನೇ ಹೊರತು ಬರಣಿ ಮುಟ್ಟಿದವನಲ್ಲ. ಪುಣೆಯ ದೊಡ್ಡವರಿಂದ ಪುಟ ಮಾಡಿಸಿದ್ದರು, ಅದು ತಿಥಿಯ ಕಾರ್ಡಿನ ಹಾಗೆ ಬಂದಿತ್ತು. ಮೂವತ್ತು ವರ್ಷದಿಂದ ಉಪ್ಪಿನಕಾಯಿಯ ನಡುವೆಯೇ ಇರುವ ತನ್ನ ತಂದೆ ಇಂಡಿಯ ಈ ಪುಟ ನೋಡಿ, ಮೊಸರನ್ನ ತರಲು ಹೇಳಿದರು ಎಂದ. ತಟ್ಟೆಯಲ್ಲಿದ್ದ ಉಪ್ಪಿನಕಾಯಿಯ ಬಗ್ಗೆ ಏನೂ ಹೇಳಬಾರದೆಂದಿದ್ದ, ಆದರೆ ಮಾಸ್ತರರೇ ಕೇಳಿದ್ದರಿಂದ, ಉಪ್ಪು ಸ್ವಲ್ಪ ಮುಂದಾಗಿದೆ ಎಂದ.

ಅಮೋಘಸಿದ್ಧನಿಗೆ ಕೋಟು ಇನ್ನೂ ಬಿಗಿಯಾಯಿತು. ಕಾರಿನ ಬಾಗಿಲಿನಿಂದ ಹಿಡಿದು ತಂದು, ಅಂಗಳದಲ್ಲಿ ಕೂರಿಸಿ, ಉಪ್ಪಿಟ್ಟು ತಿನ್ನಿಸಿದ್ದು ಯಾರಿಗೆ ಎಂದು ಈಗ ತಿಳಿಯಿತು. ಇವನಿಗೂ ಅಂಥ ಪುಟ ಸಿಕ್ಕರೆ ತನ್ನ ಬಾಟಲಿಗಳು ಸಾಬೂನಿನ ಹಿಂದಿನಿಂದ ಎಂದೂ ಮುಂದೆ ಬರುವುದಿಲ್ಲ. ಬಾಗಿಲಲ್ಲಿ ನಿಂತ ಸೀತವ್ವ ಕಣ್ಣಿನಲ್ಲೇ ಬೇಡ ಎನ್ನುತ್ತಿದ್ದಳು. ಪುಟ ಮಾಡಿದವರು ಊರಲ್ಲಿಲ್ಲ ಎಂದು ಒಂದು ಮಾತು ಸಾಕಿತ್ತು. ಮಾಸ್ತರರೂ ಅದಕ್ಕೇ ಬಾಯಿ ತೆರೆದಿದ್ದರು.

ಆಗ ಅವನ ಕಣ್ಣು ಕುರ್ಚಿಗಳ ಹಿಂದೆ ಹೋಯಿತು. ಮೆಹರಾಜ ನೀರಿನ ತಟ್ಟೆ ಹಿಡಿದುಕೊಂಡು, ತಲೆಯ ಮೇಲಿನ ದುಪಟ್ಟಾ ಜಾರಿದ್ದೂ ತಿಳಿಯದೆ ನಿಂತಿದ್ದಳು. ಮಾತು ಅವಳಿಗೆ ಎಲ್ಲರಿಗಿಂತ ಮೊದಲೇ ಅರ್ಥವಾಗಿತ್ತು. ಆದರೂ ಒಂದು ಹೆಜ್ಜೆ ಮುಂದೆ ಬಂದಿರಲಿಲ್ಲ. ಅಮೋಘಸಿದ್ಧನ ಮುಖವನ್ನೇ ನೋಡುತ್ತಿದ್ದಳು.

ಅವನು ಎದ್ದು ನಿಂತ. ಕೋಟಿನ ಉಳಿದ ಗುಂಡಿಗಳೂ ಹೋದವು.

"ಆಕಿ ಅಲ್ಲಿ ನಿಂತಾಳ ನೋಡ್ರಿ. ನಮ್ಮ ಓಣಿ ಹುಡುಗಿ, ಮೆಹರಾಜ. ಆಕಿ ಮಾಡಿದ ಮೊದಲನೇ ಪುಟ ನಂದು."

ಕಡೆಯ ಮಾತು ಹೇಳುವಾಗ ಅವನ ದನಿ ತಾನಾಗಿಯೇ ಏರಿತು. ಶಿಬಿರದಿಂದ ಬಂದ ಮೇಲೆ ಎಷ್ಟೋ ಸಲ ಎದೆ ಮುಂದೆ ಮಾಡಿದ್ದ. ಅದು ತುಂಬಿದ್ದು ಈಗ.

ಮೆಹರಾಜ ತಟ್ಟೆಯನ್ನು ಹೊನ್ನವ್ವನ ತೊಡೆಯ ಮೇಲಿಟ್ಟು ಮುಂದೆ ಬಂದಳು. ಚೇತನಕುಮಾರ ಇಷ್ಟು ಸಣ್ಣವಳನ್ನು ನಿರೀಕ್ಷಿಸಿರಲಿಲ್ಲ. ಸೊಲ್ಲಾಪುರಕ್ಕೆ ಬಂದು ಕೆಲಸ ಮಾಡಬಹುದೇ ಎಂದು ಕೇಳಿದ.

"ಇಲ್ಲೇ ಕುಂತು ಮಾಡ್ತೇನ್ರಿ," ಎಂದಳು. "ಫೋಟೋ ಕಳಸ್ರಿ. ಬಣ್ಣ ನಾ ಹೇಳಿದ್ದು. ನಡುವ ಯಾರೂ ಕೈ ಹಾಕಬಾರದು."

ಅವನು ಒಪ್ಪಿದ. ಮುಂಗಡದ ಚೆಕ್ಕನ್ನು ಅಲ್ಲೇ ಬರೆದು ಕೊಟ್ಟ. ಅತಿಥಿಗೆಂದು ತರಿಸಿದ್ದ ಚೆಂಡುಹೂವಿನ ಮಾಲೆಯನ್ನು ಅಮೋಘಸಿದ್ಧ ಮೆಹರಾಜಳ ಕೈಗೆ ಕೊಟ್ಟ. ಮಾಸ್ತರರು ಅವಳಿಗೆ ನಾಲ್ಕನೆಯ ಇಯತ್ತೆಯಲ್ಲಿ ತಾವೇ ಇಂಗ್ಲಿಷ್ ಅಕ್ಷರ ಕಲಿಸಿದ್ದಾಗಿ ಎಲ್ಲರಿಗೂ ಹೇಳತೊಡಗಿದರು. ಆ ವರ್ಷ ಅವರು ನಾಲತವಾಡದಲ್ಲಿದ್ದರೆಂದು ಯಾರೂ ನೆನಪಿಸಲಿಲ್ಲ. ಫಕ್ರುದ್ದೀನ ಮಾತ್ರ ಎದ್ದು ಹೋದ. ಎಲ್ಲಿಗೆಂದು ನೋಡಿದರೆ, ಮುಂಗೋಣೆಯ ಹೊಸ್ತಿಲಲ್ಲಿ ಪೇರಿಸಿದ್ದ ಕುರ್ಚಿಗಳನ್ನು ಒಂದೊಂದಾಗಿ ಹೊತ್ತು ತನ್ನ ಮಲಗುವ ಕೋಣೆಗೆ ಒಯ್ಯುತ್ತಿದ್ದ. ಯಾರೋ ಕೇಳಿದ್ದಕ್ಕೆ, "ಆಫೀಸಿನ ಬಾಗಿಲದಾಗ ಸಾಮಾನು ಇಡಬಾರದು," ಎಂದ. ಕಣ್ಣಿಗೆ ಧೂಳು ಬಿತ್ತೆಂದು ತೋಳಿನಿಂದ ಒರೆಸಿಕೊಂಡ.

ಕಾರು ಹೋಯಿತು. ಹೊನ್ನವ್ವ ಉಳಿದ ಉಪ್ಪಿಟ್ಟು ತಿಂದು, ಹುಡುಗಿಗೆ ಒಳ್ಳೆಯದಾಗಲಿ ಎಂದು ಹರಸಿ ಎದ್ದಳು. ಡ್ರಮ್ಮಿಗೆ ಉಪ್ಪು ಹಾಕಿದ ಮೂವರೂ ಅದು ತಾವಲ್ಲವೆಂದು ಹೇಳಿ ಮನೆ ಸೇರಿದರು. ಪೆಂಡಾಲು ಇಳಿದ ಮೇಲೆ ಅಂಗಳದಲ್ಲಿ ಅಮೋಘಸಿದ್ಧ, ಅವನ ಡ್ರಮ್ಮು, ಮಾಸ್ತರರ ಹರಿದ ಕೋಟು ಉಳಿದವು.

ಮೂರು ಗಂಟೆಗೆ ಮೆಹರಾಜ ಮತ್ತೆ ಬಂದಳು. ಈ ಸಲ ಓಡಿ ಬರಲಿಲ್ಲ, ಹಿಂಜರಿಯುತ್ತ ಬಂದಳು. ಚಿತ್ರ, ಬಣ್ಣ ತನಗೆ ಬರುತ್ತದೆ. ಬರೆಯುವ ಮಾತು ಬರುವುದಿಲ್ಲ ಎಂದಳು. "ಉಪ್ಪಿನಕಾಯಿ ಬಗ್ಗೆ ನಿಮ್ಮಂಗ ಮಾತಾಡಾಕ ಯಾರಿಗಿ ಬರ್ತೈತ್ರಿ ಕಾಕಾ. ಸೊಲ್ಲಾಪುರದವರ ಪುಟಕ್ಕ ನಾ ಏನ್ ಬರೀಲಿ?" ಎಂದು ಕೇಳಿದಳು.

ಅಮೋಘಸಿದ್ಧ ಟವೆಲ್ಲು ಹೆಗಲಿಗೆ ಹಾಕಿಕೊಂಡು ಹೊರಟ. ಕಂಪ್ಯೂಟರಿನ ಮುಂದೆ ಅವಳು ಕೂತಳು, ಪಕ್ಕದಲ್ಲಿ ಇವನು. ಫಕ್ರುದ್ದೀನ ತಾನೇ ಚಹಾ ತಂದಿಟ್ಟು, ಸದ್ದಾಗದಂತೆ ಹೊರಗೆ ಹೋದ. ಸ್ವಲ್ಪ ಹೊತ್ತಿಗೆ ಸೀತವ್ವ ಕಿಟಕಿಯಲ್ಲಿ ಇಣುಕಿ, ಡ್ರಮ್ಮಿನಲ್ಲಿರುವ ಈ ಉಪ್ಪನ್ನು ಏನು ಮಾಡುವುದೆಂದು ಕೇಳಿದಳು. ಕೆಲಸದಲ್ಲಿದ್ದೇನೆ ಎಂದು ಅವನು ಕೈಸನ್ನೆ ಮಾಡಿದ. ಕಣ್ಣು ಮುಚ್ಚಿ, ಅರ್ಧ ಲೋಟ ಚಹಾ ಆರುವಷ್ಟು ಹೊತ್ತು ಯೋಚಿಸಿ, ಒಂದೊಂದೇ ಶಬ್ದ ಬಿಡಿಸಿ ಹೇಳಿದ:

"ಬರಿ. ಇಂಥ ರುಚಿ ಲಿಂಬಿಯ ತವರು ಇಂಡಿಯಲ್ಲಿ ಹುಡುಕಿದರೂ ಸಿಗುವುದಿಲ್ಲ."

ಮೆಹರಾಜಳ ಬೆರಳು ಅಲ್ಲೇ ನಿಂತವು. "ಕಾಕಾ, ಇದು ಇರಲೇನ್ರಿ?"

ಅಮೋಘಸಿದ್ಧ ಪರದೆಯ ಮೇಲಿನ ಸಾಲನ್ನು ಎರಡು ಸಲ ಓದಿಸಿ ಕೇಳಿದ. ಅದರಲ್ಲಿ ತೆಗೆಯುವಂಥದ್ದು ಅವನಿಗೆ ಏನೂ ಕಾಣಲಿಲ್ಲ.

"ಇರಲಿ," ಎಂದ. "ಭಾಳ ಚಲೋ ಬಂದೈತಿ."